ಮೊದಲ ಸ್ವಿಚ್ಚು ಒತ್ತುವ ಕೈ

ಮಂಡ್ಯದ ಕಂಪ್ಯೂಟರ್ ಅಂಗಡಿಯವರು ನನ್ನನ್ನು ಮೊದಲು ಕೇಳಿದ್ದು, "ಮಗನಿಗಾ ಸಾರ್?" ಎಂದು. ನನ್ನ ತಲೆ ಅರ್ಧ ನರೆತಿದೆ. ಕೈಯಲ್ಲಿ ವಾರ್ನಿಷ್ ಕಲೆ, ಉಗುರಿನ ಸಂದಿಯಲ್ಲಿ ಗ್ರೀಸು. ಇಂಥವನು ಬಂದು ಗೇಮ್ ಆಡುವ ಕಂಪ್ಯೂಟರ್ ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

"ನನಗೇ," ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಸ್ಟೂಲು ಎಳೆದು ಕೂರಿಸಿದರು. "ಒಬ್ಬರೇ ಆಡ್ತೀರೋ, ಇಬ್ಬರೋ?"

"ಇಬ್ರು."

ಆ ಮಾತು ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು. ಅವರು ಆಟದ ರಿಮೋಟು ಎರಡು ತೆಗೆದು ಪಕ್ಕಕ್ಕಿಟ್ಟರು. ನಾನು ಬೇಡ ಎನ್ನಲಿಲ್ಲ.

ನಾನು ಪಂಪ್‌ಸೆಟ್ ಮೋಟರುಗಳನ್ನು ರಿವೈಂಡಿಂಗ್ ಮಾಡುವವನು. ಸುಟ್ಟುಹೋದ ಮೋಟರಿನ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಜೀವ ಕೊಟ್ಟು ಕಳಿಸುತ್ತೇನೆ. ಭಾರತೀನಗರದ ಬಸ್ ರಸ್ತೆಯಲ್ಲಿ ಅಂಗಡಿ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಓದಿದವರ ಮುಂದೆ ಕೈಕಟ್ಟಿ ನಿಂತು ಗೊತ್ತಿಲ್ಲ. ನಾನು ಕಟ್ಟಿದ್ದು ಕೆಡುವುದಿಲ್ಲ ಎಂದು ಸುತ್ತಲಿನ ಊರುಗಳಲ್ಲಿ ಮಾತಿದೆ. ಆ ಮಾತನ್ನು ಮೊದಲು ಆಡಿದವನು ನಾನೇ ಇರಬಹುದು, ಆದರೆ ಅದನ್ನು ಯಾರೂ ಸುಳ್ಳು ಮಾಡಿಲ್ಲ.

ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯವರು ಬಂದು ಕಾಫಿ ಕುಡಿದು, "ಹುಡುಗನಿಗೆ ಸಂಬಳದ ಕೆಲಸ ಇದ್ದಿದ್ರೆ..." ಎಂದು ಅರ್ಧಕ್ಕೇ ಮಾತು ಬಿಟ್ಟು ಎದ್ದುಹೋಗುವುದು ಕೆಲವು ವರ್ಷ ನಡೆಯಿತು. ಆಮೇಲೆ ಬರುವುದೂ ನಿಂತಿತು. ಅಪ್ಪ, ಅವ್ವ ಹೋದರು. ತಮ್ಮ ಮಳವಳ್ಳಿಯಲ್ಲಿ ಮದುವೆಯಾಗಿ, ಅಲ್ಲೇ ಮಾವನ ಜೊತೆ ಪೇಂಟಿನ ಅಂಗಡಿ ನೋಡಿಕೊಂಡು ಉಳಿದ. ನಮ್ಮಿಬ್ಬರ ನಡುವೆ ಜಗಳವಿಲ್ಲ. ಭಾಗದ ತಕರಾರೂ ಇಲ್ಲ. ಜಗಳವಿದ್ದಿದ್ದರೆ ಪಂಚಾಯಿತಿಗಾದರೂ ಒಂದು ಕಡೆ ಕೂರುತ್ತಿದ್ದೆವೇನೋ. ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹಬ್ಬಕ್ಕೆ ಬರುತ್ತಾನೆ, ಎಲೆ ಎತ್ತುವ ಹೊತ್ತಿಗೆ ಅವನ ಫೋನು ಬಡಿದುಕೊಳ್ಳುತ್ತದೆ, ಹೋಗುತ್ತಾನೆ.

ಕಂಪ್ಯೂಟರಿನ ಯೋಚನೆ ಬಂದದ್ದು ಅವನಿಂದಲೇ. ಹೋದ ಗೌರಿ ಹಬ್ಬದಲ್ಲಿ ಬಂದವನು ಜಗಲಿಯಲ್ಲಿ ಕೂತು ಫೋನಿನಲ್ಲಿ ಕಾರ್ ರೇಸು ಆಡುತ್ತಿದ್ದ. "ಅಣ್ಣ, ಮದ್ದೂರ್ ಗೇಮಂಗ್ಡಿ ಗ್ಯಪ್ತಿ ಅದಾ? ನೀನ್ ಸ್ಟೇರಿಂಗು, ನಾನ್ ಎಕ್ಸ್‌ಲೇಟ್ರು?" ಎಂದ. ನೆನಪಿಲ್ಲದೆ ಏನು. ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಒಬ್ಬರು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ನಮ್ಮ ಕಾಸಿಗೆ ಒಬ್ಬರ ಆಟ ಮಾತ್ರ ಸಿಗುತ್ತಿತ್ತು. ಒಂದೇ ಕುರ್ಚಿಯಲ್ಲಿ ಇಬ್ಬರೂ ಅರ್ಧರ್ಧ ಕೂತು, ನಾನು ಚಕ್ರ ತಿರುಗಿಸುತ್ತಿದ್ದೆ, ಅವನು ಕೆಳಗೆ ಕಾಲಿಟ್ಟು ಒತ್ತುತ್ತಿದ್ದ. ಬ್ರೇಕು ಯಾರದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಇನ್ನೊಂದ್ಸಲ ಕೂತ್ಕಂಡು ಆಡ್ಬೇಕು ಕಣಣ್ಣ," ಎಂದು ಹೇಳಿ ಹೋದ. ಅವನು ಹೇಳಿ ಮರೆತ. ನಾನು ಮರೆಯಲಿಲ್ಲ.

ಸಾಮಾನು ಆರಿಸಲು ಅಂಗಡಿಯವರ ಜೊತೆ ಒಂದಿಡೀ ಬೆಳಗ್ಗೆ ಕೂತೆ. ಕಟ್ಟಿಟ್ಟ ಕಂಪ್ಯೂಟರ್ ತೋರಿಸಿದರು, ಬೇಡ ಎಂದೆ. ಬೇರೆಯವರು ಕಟ್ಟಿದ ಯಂತ್ರ ನನ್ನ ಮನೆಯಲ್ಲಿ ಓಡುವುದು ಬೇಡ. ಪ್ರೊಸೆಸರ್ ಎನ್ನುವುದು ಮೂರು ಬೆರಳಷ್ಟು ಅಗಲದ ತುಣುಕು. "ಇದಕ್ಕೆ ಸ್ವಂತ ಚಿತ್ರ ತೋರಿಸೋ ಶಕ್ತಿ ಇಲ್ಲ ಸಾರ್. ನೀವು ಹೇಗೂ ಬೇರೆ ಗ್ರಾಫಿಕ್ಸ್ ಕಾರ್ಡ್ ತಗೋತೀರಲ್ಲ, ಚಿತ್ರದ ಕೆಲಸ ಎಲ್ಲಾ ಅದೇ ನೋಡ್ಕೊಳ್ಳುತ್ತೆ," ಎಂದರು. ಸರಿ ಎಂದೆ. ಎಲ್ಲ ಭಾಗಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿಗಳನ್ನು ಎರಡು ಕೈಯಲ್ಲಿ ಒಂದೊಂದು ಹಿಡಿದು ತೂಗಿ ನೋಡಿದೆ. ಹಗುರಾದದ್ದನ್ನು ವಾಪಸು ಕೊಟ್ಟೆ. ನಮ್ಮ ಕಡೆಯ ಕರೆಂಟು ಏರಿ ಇಳಿದು ಕುಣಿಯುವುದನ್ನು ನಾನು ದಿನಾ ಸುಟ್ಟ ಮೋಟರುಗಳಲ್ಲಿ ನೋಡುತ್ತೇನೆ. ಅಲ್ಲಿ ಮಾತ್ರ ಜುಗ್ಗತನ ಸಲ್ಲದು.

ರ್‍ಯಾಮ್ ಪಟ್ಟಿ ದೊಡ್ಡದು ಒಂದೇ ಸಾಲದೇ ಎಂದು ಕೇಳಿದೆ. "ಅಷ್ಟೇ ಶಕ್ತಿನ ಎರಡು ಪಟ್ಟಿಲಿ ಹಂಚಿದ್ರೆ ಚೆನ್ನಾಗಿ ಎಳೆಯುತ್ತೆ ಸಾರ್, ಜೋಡಿ ಎತ್ತು ಇದ್ದಂಗೆ. ಒಂದೇ ಆದ್ರೂ ನಡೆಯುತ್ತೆ, ಆದ್ರೆ ನಿಧಾನ." ನಾನು ಜೋಡಿಯನ್ನೇ ತೆಗೆದುಕೊಂಡೆ.

ಇವನ್ನೆಲ್ಲ ಒಳಗೆ ಕೂರಿಸುವ ಡಬ್ಬದ ಸರದಿ ಬಂದಾಗ ಗಾಜಿನ ಬಾಗಿಲು, ಬಣ್ಣಬಣ್ಣದ ದೀಪ ಇರುವುದನ್ನು ತಂದರು. ನನ್ನ ಕಣ್ಣಿಗೆ ಅದು ಗಣೇಶನ ಪೆಂಡಾಲಿನ ಹಾಗೆ ಕಂಡಿತು. ಬೇಡ ಎನ್ನಲು ಬಾಯಿ ತೆರೆದವನು, ತಮ್ಮನಿಗೆ ಚಿಕ್ಕಂದಿನಿಂದ ದೀಪದ ಹುಚ್ಚು ಎಂದು ನೆನಪಾಗಿ, ಅದನ್ನೇ ಕೊಡಿ ಎಂದೆ.

"ವಿಂಡೋಸು, ಗೇಮು ಎಲ್ಲ ಈ ಹಾರ್ಡ್‌ಡಿಸ್ಕಿಗೆ ಹಾಕಿದೀನಿ. ಇಲ್ಲೇ ಜೋಡಿಸಿ, ಒಂದ್ಸಲ ಆನ್ ಮಾಡಿ ತೋರಿಸ್ತೀನಿ ಸಾರ್."

"ಆನ್ ಮಾಡೋದ್ ಬ್ಯಾಡ. ಬುಡಿ, ನಾನ್ ನೋಡ್ಕತೀನಿ."

ಅವರಿಗೆ ಆಶ್ಚರ್ಯವಾಯಿತು. ಬಿಡಿಸಿ ಹೇಳಲು ನನಗೆ ಮನಸ್ಸಾಗಲಿಲ್ಲ. ನಮ್ಮ ಕೆಲಸದಲ್ಲಿ ಒಂದು ನಡವಳಿಕೆ ಇದೆ. ಮೋಟರು ಕಟ್ಟಿದವನು ಹೊಲದಲ್ಲಿ ಅದರ ಸ್ಟಾರ್ಟರ್ ಒತ್ತುವುದಿಲ್ಲ. ಕೈಗುಣ ಇರುವವರು ಒತ್ತಬೇಕು. ನಮ್ಮ ಮನೆಯಲ್ಲಿ ಆ ಕೈ ತಮ್ಮನದು. ನಮ್ಮ ಹೊಲದಲ್ಲಿ ಬೋರು ಕೊರೆಸಿದಾಗ ಅವ್ವ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ, ಅವನ ಪುಟ್ಟ ಬೆರಳಿನಿಂದ ಹಸಿರು ಬಟನ್ ಒತ್ತಿಸಿದಳು. ನೀರು ಬಂತು. ಅಲ್ಲಿಂದ ಮುಂದೆ ಟಿವಿ, ಮಿಕ್ಸಿ, ನನ್ನ ಬೈಕಿನ ಮೊದಲ ಕಿಕ್ಕು, ಅಂಗಡಿಯಲ್ಲಿ ನಾನು ಕಟ್ಟಿದ ಮೊದಲ ಮೋಟರು, ಎಲ್ಲವೂ ಅವನ ಕೈಯಿಂದಲೇ ಶುರುವಾದವು. ಇದೂ ಹಾಗೇ ಆಗಬೇಕು. ಕರೆಯಲು ನನಗೆ ಇದ್ದ ನೆಪವೂ ಅದೊಂದೇ.

ಮದ್ದೂರಿನಲ್ಲಿ ಬಸ್ಸು ಬದಲಿಸಿದೆ. ಆ ಗೇಮ್ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ನೇತುಹಾಕಿದ್ದಾರೆ. ಡಬ್ಬಗಳನ್ನು ತೊಡೆಯ ಮೇಲೆ, ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತವನನ್ನು ನೋಡಿ ಕಂಡಕ್ಟರು, "ಏನ್ ಯಜಮಾನ್ರೆ, ಒಸಾ ಸಂಸಾರ ಊಡ್ತಿರಂಗದೆ!" ಎಂದ. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ಕೆಲಸ ಮುಗಿದ ಮೇಲೆ ಸಂಜೆ ಸಂಜೆ ಕೂತು ಜೋಡಿಸಿದೆ. ಪ್ರತಿ ತಂತಿಯನ್ನೂ ಹಿಂದಿನಿಂದ ಬಿಗಿದು ಕಟ್ಟಿದೆ, ಗಾಜಿನಿಂದ ಒಂದು ಎಳೆಯೂ ಕಾಣದ ಹಾಗೆ. ಮುಗಿದ ದಿನ ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಟವೆಲು ಹೊದಿಸಿ, ತಮ್ಮನಿಗೆ ಫೋನು ಮಾಡಿದೆ.

"ಏನಣ್ಣ, ಕಂಪ್ಯೂಟ್ರಾ? ನಿಂಗಾ?"

"ಇಬ್ರಿಗೂ ಕನ್ಲಾ. ಬಂದು ಸ್ವಿಚ್ ಒತ್ಬುಡು."

"ಈ ಭಾನ್ವಾರ ಆಗಕಿಲ್ಲ ಕಣಣ್ಣ, ಲೋಡ್ ಬತ್ತದೆ. ಮುಂದಿನ್ ವಾರ ಬತ್ತೀನಿ."

ಮುಂದಿನ ವಾರ ಅವನ ಮಾವನ ಕಡೆ ಯಾರದೋ ಗೃಹಪ್ರವೇಶ. ಅದರ ಮುಂದಿನ ವಾರ ಹೆಂಡತಿಗೆ ಜ್ವರ. ಎಲ್ಲವೂ ನಿಜವೇ, ಅವನು ಸುಳ್ಳು ಹೇಳುವವನಲ್ಲ. ಅಂಗಡಿಗೆ ಮೋಟರು ತಂದ ರೈತರು ವಿಷಯ ತಿಳಿದು ಕಾಲೆಳೆದರು. "ಎಣ್ ನೋಡ್ಕಳಯ್ಯ ಅಂದ್ರೆ ಕಂಪ್ಯೂಟ್ರು ನೋಡ್ಕಂಡವ್ನೆ! ಅದ್ಕೂ ಮುಸುಕಾಕಿ ಕೂರ್ಸವ್ನಂತೆ ಕನ್ರಲಾ!" ನಾನು ತಲೆ ಎತ್ತದೆ ತಂತಿ ಸುತ್ತಿದೆ. ಮನೆಗೆ ಹೋದರೆ ಟವೆಲು ಹೊದ್ದ ಡಬ್ಬ, ಪಕ್ಕದಲ್ಲಿ ಪರದೆ, ಎರಡು ರಿಮೋಟು. ಯಾರೋ ನೆಂಟರು ಬಂದು ಮಾತಾಡದೆ ಕೂತ ಹಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವನೇ ಫೋನು ಮಾಡಿದ. "ಅಣ್ಣ, ಇವತ್ತೂ ಆಗಕಿಲ್ಲ. ಎಷ್ಟ್ ದಿನ ಅಂತ ಕಾಯ್ತೀಯ? ನಾನ್ ಇಲ್ಲಿಂದ್ಲೇ ಒತ್ತು ಅಂತೀನಿ, ನೀನ್ ಒತ್ಬುಡು."

ಬೇರೆ ದಾರಿ ಕಾಣಲಿಲ್ಲ. ಟವೆಲು ತೆಗೆದು, ಫೋನಿನ ಸ್ಪೀಕರ್ ಹಾಕಿ ಡಬ್ಬದ ಮೇಲಿಟ್ಟೆ. "ಒತ್ತಣ್ಣ!" ಎಂದು ಮಳವಳ್ಳಿಯಿಂದ ಅವನು ಕೂಗಿದ. ಒತ್ತಿದೆ. ಫ್ಯಾನುಗಳು ತಿರುಗಿದವು. ದೀಪಗಳು ಕೆಂಪು, ನೀಲಿ, ಹಸಿರು ಬೆಳಗಿದವು. ಪರದೆ ಮಾತ್ರ ಕಪ್ಪಗೇ ಇತ್ತು.

"ಏನಾಯ್ತಣ್ಣ?"

"ಚಿತ್ರ ಬರ್ನಿಲ್ಲ ಕನ್ಲಾ."

"ಅಯ್ಯೋ, ನೀನ್ ಕಟ್ಟಿದ್ದಾ?" ಅವನ ದನಿಯಲ್ಲಿ ನಗು ಇರಲಿಲ್ಲ, ದಿಗಿಲಿತ್ತು. ಆ ಕಡೆ ಅವನು ಯಾರಿಗೋ ಏನೋ ಹೇಳಿದ್ದು ಕೇಳಿಸಿತು. "ಇರು, ಮುಟ್ಬ್ಯಾಡ. ಬತ್ತೀನಿ."

ಫೋನು ಇಟ್ಟ ಮೇಲೆ ಸುಮ್ಮನಿರಲು ನನ್ನ ಕೈಗೆ ಬರುವುದಿಲ್ಲ. ಡಬ್ಬದ ಹಿಂದೆ ಬಗ್ಗಿ ನೋಡಿದೆ. ಪರದೆಯ ಕೇಬಲನ್ನು ಮದರ್‌ಬೋರ್ಡಿನ ತೂತಿಗೆ ಚುಚ್ಚಿದ್ದೆ. ಅಂಥದ್ದೇ ತೂತು ಕೆಳಗೆ ಗ್ರಾಫಿಕ್ಸ್ ಕಾರ್ಡಿನಲ್ಲೂ ಇತ್ತು. ಪ್ರೊಸೆಸರಿಗೆ ಚಿತ್ರ ತೋರಿಸುವ ಶಕ್ತಿ ಇಲ್ಲ, ಎಲ್ಲಾ ಆ ಕಾರ್ಡೇ ಮಾಡುತ್ತದೆ ಎಂದು ಅಂಗಡಿಯವರು ಹೇಳಿದ್ದು ಆಗ ನೆನಪಾಯಿತು. ಕೇಬಲ್ ಕಿತ್ತು ಕೆಳಗಿನ ತೂತಿಗೆ ಹಾಕಿದೆ. ಪರದೆ ಬೆಳಗಿತು. ಮನೆಯ ಗೋಡೆಯೆಲ್ಲ ನೀಲಿಯಾಯಿತು.

ಫೋನು ಕೈಗೆತ್ತಿಕೊಂಡೆ. "ಸರಿಹೋಯ್ತು, ಬರ್ಬೇಡ" ಎನ್ನುವುದಷ್ಟೇ ಬಾಕಿ. ಅವನಿನ್ನೂ ಮಳವಳ್ಳಿ ದಾಟಿರಲಿಕ್ಕಿಲ್ಲ.

ಫೋನು ಕೆಳಗಿಟ್ಟೆ. ಕಂಪ್ಯೂಟರ್ ಆರಿಸಿ, ಕೇಬಲನ್ನು ಕಿತ್ತು, ಮತ್ತೆ ಅದೇ ತಪ್ಪು ತೂತಿಗೆ ಹಾಕಿ, ಒಲೆ ಮೇಲೆ ಹಾಲಿಟ್ಟೆ.

ಅವನು ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಬಂದ. ಪೇಂಟಂಗಡಿಯ ಬಿಲ್ಲು ಹಾಕುವ ಕಂಪ್ಯೂಟರ್ ನೋಡಿ ಅವನಿಗೆ ಅಷ್ಟಿಷ್ಟು ಗೊತ್ತು. ಫೋನಿನ ಬೆಳಕು ಬಿಟ್ಟುಕೊಂಡು ಹಿಂದೆ ಬಗ್ಗಿದವನು ಜೋರಾಗಿ ನಕ್ಕುಬಿಟ್ಟ. "ಅಣ್ಣ, ಇಲ್ಲಿ ಎಲ್ಡ್ ತೂತವೆ ಕಣಣ್ಣ! ನೀನ್ ಮ್ಯಾಲಿನ್ ತೂತ್ಗೆ ಚುಚ್ಚಿದ್ದೀಯ!"

"ಔದಾ?" ಎಂದೆ.

"ಊರೋರ್ ಮೋಟ್ರೆಲ್ಲ ಕಟ್ಟೋನು, ಈ ಸಣ್ದ್ರಲ್ಲಿ ಬಿದ್ಯಲ್ಲಣ್ಣ!" ಎನ್ನುತ್ತಾ ಕೇಬಲನ್ನು ಕೆಳಗಿನ ತೂತಿಗೆ ಹಾಕಿದ.

ಬೇರೆ ಯಾರಾದರೂ ಈ ಮಾತಾಡಿದ್ದರೆ ಅಲ್ಲೇ ಉತ್ತರ ಕೊಡುತ್ತಿದ್ದೆ. "ಒತ್ಲಾ ಈಗ," ಎಂದೆ. ಅವನು ಒತ್ತಿದ. ಚಿತ್ರ ಬಂತು. ದೀಪಗಳನ್ನು ನೋಡಿ ಅವನ ಮುಖ ಅರಳಿತು. ನೆಲದಲ್ಲಿ ಚಾಪೆ ಹಾಕಿ ಕೂತೆವು. ಒಬ್ಬರಿಗೊಂದು ರಿಮೋಟು, ಒಬ್ಬರಿಗೊಂದು ಕಾರು. ನಾನು ತಿರುವಿನಲ್ಲೆಲ್ಲ ಗೋಡೆಗೆ ಗುದ್ದಿದೆ, ಅವನು ಬ್ರೇಕೇ ಹಿಡಿಯಲಿಲ್ಲ. "ಲೇ, ಅಡ್ಡ ಬರಬ್ಯಾಡ ಕನ್ಲಾ" ಎಂದು ಬೈದೆ. ಕಾಫಿ ಆರಿ ಕೆನೆಗಟ್ಟಿತು.

ಹೊತ್ತು ಇಳಿಯುವಾಗ ಅವನ ಫೋನು ಬಡಿದುಕೊಂಡಿತು. ಎದ್ದು ಹೆಲ್ಮೆಟ್ಟು ಹಾಕಿಕೊಂಡು, ಬೈಕು ಸ್ಟಾರ್ಟ್ ಮಾಡಿ, ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದ.

"ಅಣ್ಣ, ಇನ್ನೇನಾರ ಕೆಟ್ರೆ ಫೋನ್ ಮಾಡು, ಬತ್ತೀನಿ."

ನಾನು ಕಟ್ಟಿದ್ದು ಕೆಡುವುದಿಲ್ಲ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

"ಆಗ್ಲಿ ಕನ್ಲಾ, ಮಾಡ್ತೀನಿ," ಎಂದೆ.