ಬರ್ತ್‌ಡೇ ಅಕ್ಕನ ಐವತ್ನಾಲ್ಕು

ಅಕ್ಕನ ನಿಜವಾದ ಹೆಸರು ನಮ್ಮ ಆಫೀಸಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಬರ್ತ್‌ಡೇ ಅಕ್ಕ. ಆ ಹೆಸರು ಇಟ್ಟವನು ನಾನೇ, ಅದೂ ಗೇಲಿ ಮಾಡಲೆಂದೇ ಇಟ್ಟದ್ದು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಆಫೀಸು. ಜನ ಏನಂದುಕೊಂಡಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳಿ, ಲೆಕ್ಕ ಹಾಕಿ, ಪತ್ರಿಕೆಗಳಿಗೆ ಹೇಳುವುದು ನಮ್ಮ ಕಸುಬು. ಫೀಲ್ಡಿನಲ್ಲಿ ಹತ್ತು ಜನ, ಅವರ ಮೇಲೆ ಸೂಪರ್‌ವೈಸರ್ ಆಗಿ ನಾನು. ನನ್ನ ಕೆಲಸ ಎಂದರೆ ಅವರು ತಂದ ಫಾರಂಗಳನ್ನು ಅನುಮಾನದಿಂದ ನೋಡುವುದು. ಅದರಲ್ಲಿ ನನ್ನದು ಎತ್ತಿದ ಕೈ.

ನಮ್ಮ ನಿಯಮದ ಪುಸ್ತಕದ ನಾಲ್ಕನೇ ಪುಟದಲ್ಲಿ ಒಂದು ಮಾತಿದೆ. ಬಾಗಿಲು ತೆರೆದವರನ್ನೇ ಪ್ರಶ್ನೆ ಕೇಳಬಾರದು. ಆ ಮನೆಯಲ್ಲಿ ಓಟು ಇರುವವರ ಪೈಕಿ ಯಾರ ಹುಟ್ಟಿದ ದಿನ ಎಲ್ಲರಿಗಿಂತ ಮೊದಲು ಬರುತ್ತದೋ ಅವರನ್ನು ಕೇಳಬೇಕು. ಅವರು ಮನೆಯಲ್ಲಿ ಇಲ್ಲದಿದ್ದರೆ ಮತ್ತೆ ಹೋಗಬೇಕು, ಹೀಗೆ ಮೂರು ಸಲದವರೆಗೆ. ಈ ಪುಟವನ್ನು ನಾವೆಲ್ಲ ಕೆಲಸಕ್ಕೆ ಸೇರುವಾಗ ಒಮ್ಮೆ ಓದಿದ್ದೆವು, ಆಮೇಲೆ ಅದರ ಕಡೆ ತಲೆ ಹಾಕಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿರುವಾಗ, ಇನ್ನೂ ಇಪ್ಪತ್ತು ಮನೆ ಬಾಕಿ ಇರುವಾಗ, ಬಾಗಿಲಲ್ಲೇ ನಿಂತು ಬಾಯ್ತುಂಬ ಮಾತಾಡುವ ಮನುಷ್ಯನನ್ನು ಬಿಟ್ಟು ಒಳಗಿನವರನ್ನು ಯಾರು ಕರೆಸುತ್ತಾರೆ?

ಅಕ್ಕ ಕರೆಸುತ್ತಿದ್ದರು. ಅವರು ಹಿಂದೆ ಹನ್ನೆರಡು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದವರು. ಮನೆಯವರು ‘ಈ ತಿಂಗಳು ಊರಲ್ಲೇ ಇರಲಿಲ್ಲ, ಏನೂ ಉರಿಸಿಲ್ಲ’ ಎಂದು ಎಷ್ಟೇ ಅಲವತ್ತುಕೊಂಡರೂ ಮೀಟರ್ ನೋಡದೆ ಒಂದಂಕಿ ಬರೆದವರಲ್ಲ. ಮೀಟರುಗಳು ತಾವೇ ಲೆಕ್ಕ ಕಳಿಸಲು ಕಲಿತ ಮೇಲೆ ಆ ಕೆಲಸ ಹೋಯಿತು. ನಲವತ್ತಾರನೇ ವಯಸ್ಸಿನಲ್ಲಿ ನಮ್ಮಲ್ಲಿ ಸೇರಿದರು. ಮೊದಲ ದಿನವೇ ನಾನು ಹಿತವಚನ ಹೇಳಿದೆ.

“ನಾಲ್ಕನೇ ಪುಟ ಒಂದಿದೆ ಅಕ್ಕಾ. ಅದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ.”

“ಹಾಗಾದ್ರೆ ಬರೆದಿರೋದ್ಯಾಕೆ?”

ಅವರ ಹತ್ತಿರ ಒಂದು ಕಥೆ ಇತ್ತು. ಹಿಂದೊಮ್ಮೆ ಅವರ ಮನೆಗೂ ಇಂಥದೇ ಸರ್ವೆಯವನು ಬಂದಿದ್ದನಂತೆ. ಬಸ್ ಡ್ರೈವರ್ ಆಗಿದ್ದ ಗಂಡ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಾಗಿಲಿಗೆ ಬಂದು, ‘ನಮ್ಮನೇದೆಲ್ಲ ಒಂದೇ ಅಭಿಪ್ರಾಯ, ಬರ್ಕೊಳ್ರೀ’ ಎಂದು ಕಳಿಸಿದರಂತೆ. ಅಕ್ಕ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು.

“ನನ್ನ ಅಭಿಪ್ರಾಯ ಬೇರೆ ಇತ್ತು ಸಾರ್. ಆ ಫಾರಂನಲ್ಲಿ ನಾನು ಇರ್ಲೇ ಇಲ್ಲ.”

ಹೀಗೆ ಬೀದಿಬೀದಿಯಲ್ಲಿ ‘ನಿಮ್ಮ ಮನೇಲಿ ಮುಂದಿನ ಬರ್ತ್‌ಡೇ ಯಾರದು?’ ಶುರುವಾಯಿತು. ಕೇಕ್ ಮಾರುವವರು ಎಂದು ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬ ದರ್ಜಿಯಂತೂ ಹೆಂಡತಿಯ ಹುಟ್ಟಿದ ದಿನ ನಾಡಿದ್ದೇ ಎಂದು ಗೊತ್ತಾದಾಗ ಅಕ್ಕನಿಗೆ ಕೈ ಮುಗಿದ. ‘ಮನೇಲಿ ಒಂದು ಮಹಾಯುದ್ಧ ತಪ್ಪಿಸಿದ್ರಿ’ ಎಂದನಂತೆ. ಉಳಿದವರು ದಿನಕ್ಕೆ ಮೂವತ್ತು ಫಾರಂ ತಂದರೆ ಅಕ್ಕ ಹನ್ನೆರಡು ತರುತ್ತಿದ್ದರು. ಕೇಳಿದರೆ ‘ಇನ್ನೊಂದ್ಸಲ ಹೋಗ್ಬೇಕು’ ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಹೀಗೆ ಎರಡು ವರ್ಷ ಕಳೆದ ಮೇಲೆ ಮಾರುಕಟ್ಟೆಯ ಗಲಾಟೆ ಎದ್ದಿತು. ಊರ ನಡುವಿನ ಹಳೇ ಮಾರುಕಟ್ಟೆಯನ್ನು ಹೊರವಲಯದ ಹೆದ್ದಾರಿ ಪಕ್ಕದ ಹೊಸ ಕಟ್ಟಡಕ್ಕೆ ಸಾಗಿಸಬೇಕೇ? ಊರೇ ಓಟು ಹಾಕಿ ‘ಹೌದು’ ಅಥವಾ ‘ಬೇಡ’ ಹೇಳಬೇಕು ಎಂದು ನಗರಸಭೆ ತೀರ್ಮಾನಿಸಿತು.

ಒಂದು ಊರಿನ ಅಭಿಪ್ರಾಯ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಚಹಾದ ಅಂಗಡಿಯಲ್ಲಿ ಕಾರಿನ ಮಾಲೀಕರೊಬ್ಬರು ‘ಅಲ್ಲಿ ಗಾಡಿ ನಿಲ್ಲಿಸೋಕೇ ಜಾಗ ಇಲ್ಲ, ಹೋಗಲಿ ಆಚೆಗೆ’ ಎನ್ನುತ್ತಾರೆ. ಪಕ್ಕದವನು ಕಾರಿಲ್ಲದಿದ್ದರೂ ತಲೆಯಾಡಿಸುತ್ತಾನೆ. ಮಧ್ಯಾಹ್ನ ಅವನೇ ಕ್ಷೌರದ ಅಂಗಡಿಯಲ್ಲಿ ‘ಎಲ್ರೂ ಹಾಗೇ ಅಂತಿದಾರೆ’ ಎನ್ನುತ್ತಾನೆ. ವಾರದಲ್ಲಿ ಪತ್ರಿಕೆ ‘ಊರೆಲ್ಲ ಹೌದು ಎನ್ನುತ್ತಿದೆ’ ಎಂದು ದಪ್ಪಕ್ಷರದಲ್ಲಿ ಹಾಕುತ್ತದೆ. ‘ಬೇಡ’ ಎನ್ನುವವರು ಅದನ್ನು ಓದಿ, ತಾವೊಬ್ಬರೇ ಇರಬೇಕು ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ಇನ್ನೊಂದು ಕಂಪನಿಯ ಸರ್ವೆ ಬಂತು: ‘ಹೌದು’ ಶೇಕಡಾ ಅರವತ್ತೆರಡು. ನಮ್ಮ ಒಂಬತ್ತು ಜನರ ಫಾರಂಗಳೂ ಅದರ ಆಸುಪಾಸಿನಲ್ಲೇ ಇದ್ದವು. ಅಕ್ಕನ ಬೀದಿಗಳಲ್ಲಿ ಮಾತ್ರ ‘ಹೌದು’ ಬರೀ ನಲವತ್ತೊಂದು.

ನಮ್ಮ ಮಾಲೀಕರಿಗೆ ಶೇಕಡಾ ಸಾಹೇಬರು ಎಂದೇ ಹೆಸರು. ಮೈ ಬಿಸಿಯಾದರೂ ‘ಇವತ್ತು ಎಪ್ಪತ್ತು ಪರ್ಸೆಂಟ್ ಜ್ವರ’ ಎನ್ನುವ ಮನುಷ್ಯ. ಅಕ್ಕನ ಅಂಕಿ ನೋಡಿ ಕನ್ನಡಕ ತೆಗೆದಿಟ್ಟರು.

“ನೂರಕ್ಕೆ ನೂರು ಪರ್ಸೆಂಟ್ ಇವಮ್ಮ ಎಲ್ಲೋ ಮರದ ಕೆಳಗೆ ಕೂತು ಟಿಕ್ ಹಾಕಿರ್ಬೇಕು, ಇಲ್ಲ ತನಗೆ ಬೇಕಾದ್ದು ಬರ್ಕೊಂಡಿರ್ಬೇಕು. ಈ ಫಾರಂ ಎಲ್ಲ ತೆಗೀರಿ. ಜೊತೆಗೆ ಅವರನ್ನೂ.”

ನಾನು ‘ಹೂಂ’ ಎಂದೆ. ಎದುರಾಡುವ ಯೋಚನೆಯೇ ಬರಲಿಲ್ಲ.

ಅಕ್ಕನನ್ನು ಕರೆದು ಹೇಳಿದೆ. ಬಸ್ಸಿನಿಂದ ಇಳಿಯುವಾಗ ಬಿದ್ದು ಕೈ ಮುರಿದುಕೊಂಡ ಗಂಡ ಮೂರು ತಿಂಗಳಿಂದ ಮನೆಯಲ್ಲಿದ್ದರು. ಆ ಮನೆ ನಡೆಯುತ್ತಿದ್ದದ್ದೇ ಅಕ್ಕನ ಈ ಕೆಲಸದಿಂದ, ಅದು ನನಗೂ ಗೊತ್ತಿತ್ತು. ಆದರೆ ಅಕ್ಕ ಅದನ್ನು ಎತ್ತಲೇ ಇಲ್ಲ.

“ನನ್ನ ಫಾರಂನಲ್ಲಿ ಹತ್ತು ಮನೆ ನೀವೇ ಆರಿಸ್ಕೊಳಿ ಸಾರ್. ನೀವೇ ಹೋಗಿ ಕೇಳಿ, ನಾನು ಜೊತೆಗೆ ಬರಲ್ಲ. ಒಂದೇ ಒಂದು ಸುಳ್ಳು ಸಿಕ್ರೂ ನಾಳೆಯಿಂದ ಈ ಮೆಟ್ಟಿಲು ಹತ್ತಲ್ಲ. ಮರದ ಕೆಳಗೆ ಕೂತಿದ್ದೆ ಅಂತ ಮಾತ್ರ ಅನ್ಬೇಡಿ.”

ಸಾಹೇಬರಿಗೆ ಈ ಮಾತು ಮುಟ್ಟಿಸಿದೆ, ಒಂದು ದಿನ ಕೊಟ್ಟರು.

ಮೊದಲ ಮನೆ, ಹಸಿರು ಗೇಟು. ಬಾಗಿಲು ತೆರೆದವನು ಔಷಧಿ ಅಂಗಡಿಯವನು. ಮಾರುಕಟ್ಟೆ ಸರ್ವೆಗೆ ಯಾರಾದರೂ ಬಂದಿದ್ದರೇ ಎಂದೆ.

“ನನ್ನನ್ನಂತೂ ಯಾರೂ ಕೇಳಿಲ್ಲಪ್ಪ. ಕೇಳಿದ್ರೆ ಹೌದು ಅಂತಿದ್ದೆ. ಊರೇ ಹೌದು ಅಂತಿದೆಯಲ್ಲ!”

ಸಿಕ್ಕಿಬಿದ್ದಳು ಎಂದುಕೊಂಡೆ. ಸುಳ್ಳೇಕೆ, ಒಳಗೊಳಗೇ ಖುಷಿಯಾಯಿತು. ಪೆನ್ನು ತೆಗೆದು ‘ಸುಳ್ಳು’ ಎಂದು ಬರೆಯಬೇಕು, ಅಷ್ಟರಲ್ಲಿ ಅವನು ಮುಂದುವರಿಸಿದ.

“ಅಮ್ಮನ್ನ ಕೇಳಿದ್ರೇನೋ. ಯಾವುದೋ ಹೆಂಗಸು ಅಮ್ಮ ಇದಾರಾ, ಅಮ್ಮ ಇದಾರಾ ಅಂತ ಮೂರ್ಮೂರು ಸಲ ಬಂದಿತ್ತು. ಅವ್ರಿಗೇನು ಗೊತ್ತಾಗುತ್ತೆ ಇದೆಲ್ಲ?”

ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅವನ ತಾಯಿ ಬಟಾಣಿ ಸುಲಿಯುತ್ತಿದ್ದರು. ನಾನು ಕೇಳಿದ್ದಕ್ಕೆ ಮೊದಲು ಮಗ ಹೊರಗೆ ಹೋದನೇ ಎಂದು ನೋಡಿದರು.

“ಬಂದಿದ್ರಪ್ಪ. ಎರಡು ಸಲ ಬಂದಾಗ ನಾನು ಮಗಳ ಮನೇಲಿದ್ದೆ. ಮೂರನೇ ಸಲ ಇಲ್ಲೇ ನನ್ನ ಪಕ್ಕ ನೆಲದ ಮೇಲೇ ಕೂತ್ಕೊಂಡು ಕೇಳಿದ್ರು. ಬೇಡ ಅಂದೆ. ಈಗ ಕೈಚೀಲ ಹಿಡ್ಕೊಂಡು ನಡ್ಕೊಂಡು ಹೋಗಿ ಬರ್ತೀನಿ. ಆಚೆಗೆ ಹಾಕಿದ್ರೆ ಒಂದು ಕಟ್ಟು ಸೊಪ್ಪಿಗೂ ಇವನ ಮುಖ ನೋಡ್ಬೇಕು.” ಆಮೇಲೆ ದನಿ ತಗ್ಗಿಸಿ ಕೇಳಿದರು: “ಯಾಕಪ್ಪ, ನಂದು ಲೆಕ್ಕಕ್ಕೆ ಬರಲ್ವಾ?”

ಬರುತ್ತೆ ಅಮ್ಮ ಎಂದೆ. ಹಾಗೆನ್ನುವಾಗ ನನ್ನ ತಲೆ ತಾನಾಗಿಯೇ ಬಗ್ಗಿತು.

ಹತ್ತು ಮನೆಗೂ ಹೋದೆ, ಹತ್ತೂ ನಿಜ. ಆಫೀಸಿಗೆ ಮರಳಿ ಉಳಿದ ಒಂಬತ್ತು ಜನರ ಫಾರಂಗಳನ್ನು ಹರಡಿಕೊಂಡು ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಎಣಿಸಿದೆ. ಪ್ರತಿ ಹತ್ತರಲ್ಲಿ ಎಂಟು ಗಂಡಸರು! ಅರ್ಧದಷ್ಟು ಹೆಂಗಸರಿರುವ ಊರಿನಲ್ಲಿ ನಾವು ಬಾಗಿಲು ತೆರೆದವರನ್ನಷ್ಟೇ ಕೇಳಿ, ಅದನ್ನೇ ಊರು ಎಂದು ವರ್ಷಗಟ್ಟಲೆ ಮಾರಿದ್ದೆವು. ಅಕ್ಕನ ಫಾರಂಗಳಲ್ಲಿ ಮಾತ್ರ ಊರು ಇದ್ದ ಹಾಗೇ ಇತ್ತು.

ಸಾಹೇಬರ ಮೇಜಿನ ಮೇಲೆ ಎಲ್ಲವನ್ನೂ ಇಟ್ಟು, “ಸಾರ್, ಸುಳ್ಳು ಇರೋದು ಒಂಬತ್ತು ಕಟ್ಟಿನಲ್ಲಿ. ನಿಜ ಇರೋದು ಒಂದರಲ್ಲಿ. ತಪ್ಪು ನಂದು” ಎಂದೆ. ಅವರು ಹತ್ತೂ ಕಟ್ಟುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ, “ಓಟಿಗೆ ಆರು ದಿನ ಇದೆ. ಎಲ್ಲರನ್ನೂ ವಾಪಸ್ ಕಳಿಸಿ. ಹೇಗೆ ಕೇಳ್ಬೇಕು ಅಂತ ಆಕೆ ಹೇಳಿಕೊಡ್ಲಿ” ಎಂದರು. ಮೊದಲ ಸಲ ಅವರ ಬಾಯಲ್ಲಿ ಪರ್ಸೆಂಟ್ ಬರಲಿಲ್ಲ.

ಮರುದಿನ ಬೆಳಗ್ಗೆ ಅಕ್ಕ ನಾಲ್ಕನೇ ಪುಟ ಹಿಡಿದು ನಿಂತರು, ನಾವು ಹತ್ತು ಜನ ಬೆಂಚಿನ ಮೇಲೆ ಕೂತೆವು. “ಗಂಡ ಪಕ್ಕದಲ್ಲಿದ್ರೆ ಒಂದು ಲೋಟ ನೀರು ಕೇಳಿ, ತರೋಕೆ ಹೋಗ್ತಾರೆ. ಅವರೇ ಹೋಗ್ಬೇಕು, ಹೆಂಡತೀನ ಕಳಿಸಿದ್ರೆ ಕೆಟ್ಟಿತು ಕೆಲಸ” ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಾಲ್ಕು ದಿನ ನಾನೂ ಚೀಲ ಹೆಗಲಿಗೇರಿಸಿ ಬೀದಿಗಿಳಿದೆ. ನೀರು ಕುಡಿದು ಕುಡಿದು ಹೊಟ್ಟೆ ಉಬ್ಬಿತು.

ಲೆಕ್ಕ ಬಂತು: ‘ಬೇಡ’ ಶೇಕಡಾ ಐವತ್ನಾಲ್ಕು. ಇದನ್ನು ಹೊರಗೆ ಹೇಳಿ ಸುಳ್ಳಾದರೆ ನಮ್ಮ ಆಫೀಸಿಗೆ ಬೀಗ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಹೇಳಿಯೇಬಿಟ್ಟರು. ಪತ್ರಿಕೆಗಳು ನಮ್ಮನ್ನು ಹಿಗ್ಗಾಮುಗ್ಗಾ ಜಾಡಿಸಿದವು. ಚಹಾದ ಅಂಗಡಿಯಲ್ಲಿ ನನ್ನನ್ನು ಕಂಡವರು ‘ಬರ್ತ್‌ಡೇ ಯಾವಾಗ ಸಾರ್?’ ಎಂದು ಹಲ್ಲು ಕಿರಿದರು.

ಓಟಿನ ಮಾರನೇ ದಿನ ಎಣಿಕೆ. ನಗರಸಭೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಧ್ವನಿವರ್ಧಕ ಕೂಗಿತು: ‘ಬೇಡ’ ಐವತ್ನಾಲ್ಕು! ಮಾರುಕಟ್ಟೆಯ ಕಡೆಯಿಂದ ಎದ್ದ ಕೇಕೆಗೆ ಪಾರಿವಾಳಗಳೆಲ್ಲ ಹಾರಿದವು. ಹಸಿರು ಗೇಟಿನ ಮನೆಯ ಆ ತಾಯಿ ಕೈಚೀಲ ಬೀಸಿಕೊಂಡು ಜೋರಾಗಿ ನಗುತ್ತಿದ್ದರು, ಮಗ ಪಕ್ಕದಲ್ಲೇ ನಿಂತಿದ್ದರೂ. ಸಾಹೇಬರು ನನ್ನನ್ನು ತಬ್ಬಿಕೊಂಡು ಜೇಬಿನಿಂದ ಒಂದು ಕಾಗದ ತೆಗೆದರು. ಅಕ್ಕನಿಗೆ ಖಾಯಂ ಕೆಲಸ, ಇಡೀ ಫೀಲ್ಡಿನ ತರಬೇತಿ ಅವರದು. “ಓಡು, ಕೊಟ್ಟು ಬಾ” ಎಂದರು.

ಅಕ್ಕ ಅಲ್ಲಿರಲಿಲ್ಲ. ನಲ್ಲಿ ನೀರು ಎಷ್ಟು ಗಂಟೆಗೆ ಬಿಡಬೇಕು ಎಂಬ ಹೊಸ ಸರ್ವೆಗೆ ಹೋಗಿದ್ದರು. ನಾಲ್ಕು ಬೀದಿ ಓಡಿದೆ. ಒಂದು ಜಗಲಿಯ ಮೇಲೆ ನಿವೃತ್ತ ಮೇಷ್ಟ್ರೊಬ್ಬರ ಎದುರು ಕೂತು ಬರೆಯುತ್ತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಕೈ ಎತ್ತಿ, “ಇರಿ ಸಾರ್, ಅವರು ಮಾತಾಡ್ತಿದಾರೆ” ಎಂದರು. ನಿಂತೆ. ಮೇಷ್ಟ್ರು ನೀರಿನ ಬಗ್ಗೆ ಸಾವಕಾಶವಾಗಿ ಹೇಳಿ ಮುಗಿಸಿ, ನನ್ನ ಕಡೆ ತಿರುಗಿದರು.

“ಎಣಿಕೆ ಕಡೆಯಿಂದ ಬಂದ್ರಾ? ಹೌದು ಗೆದ್ದಿರ್ಬೇಕಲ್ಲ? ನಾನೂ ಅದಕ್ಕೇ ಹಾಕಿದ್ದು.”

“ಇಲ್ಲ ಮೇಷ್ಟ್ರೇ. ಬೇಡ ಗೆದ್ದಿತು. ಐವತ್ನಾಲ್ಕು” ಎಂದೆ.

ಮೇಷ್ಟ್ರ ಮುಖ ಇಳಿದುಹೋಯಿತು. ನಾನು ಅಕ್ಕನನ್ನೇ ನೋಡಿದೆ. ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಮೇಷ್ಟ್ರಿಗೆ ನಮಸ್ಕಾರ ಹೇಳಿ, ಫಾರಂ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ, ಗೇಟಿನ ಚಿಲಕ ಹಾಕಿ ನಡೆದರು. ಸಾಹೇಬರ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ನಾನು ಹಿಂಬಾಲಿಸಿದೆ. ಬೀದಿಯ ತಿರುವು ದಾಟಿದೆವು. ಮೇಷ್ಟ್ರ ಜಗಲಿ ಮರೆಯಾಯಿತೇ ಎಂದು ಅಕ್ಕ ಒಮ್ಮೆ ಹಿಂತಿರುಗಿ ನೋಡಿದರು. ಆಮೇಲೆ ಚೀಲವನ್ನು ನನ್ನ ಕೈಗೆ ಎಸೆದು, ಎರಡೂ ಕೈ ಮೇಲಕ್ಕೆತ್ತಿ, ಆ ನಲವತ್ತೆಂಟರ ಹೆಂಗಸು ನಡುಬೀದಿಯಲ್ಲಿ ಎಗರಿ ಎಗರಿ ಕೂಗಿದರು:

“ಐವತ್ನಾಲ್ಕು! ಐವತ್ನಾಲ್ಕು! ಐವತ್ನಾಲ್ಕು ಸಾರ್!”