ಬಾಗಿಲಲ್ಲಿ ಹೇಳುವ ಮೊದಲ ಮಾತು

ಶುಶ್ರೂಷೆಯನ್ನು ಕಲಿಸಿದವರು ನಮ್ಮ ನಗರದಲ್ಲಿ ಅನೇಕರಿದ್ದಾರೆ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರತಿಯೊಬ್ಬರೂ ಅದಕ್ಕೆ ಮೊದಲೇ ಸಿನಿಮಾದಲ್ಲಿ ಹತ್ತಾರು ಆಸ್ಪತ್ರೆಗಳನ್ನು ನೋಡಿ ಬಂದಿರುತ್ತಾರೆ, ನಾವು ಬಾಯಿ ತೆರೆಯುವ ಮುನ್ನವೇ ನಮ್ಮ ಮುಖವನ್ನು ಓದಿ ಮುಗಿಸಿರುತ್ತಾರೆ ಎಂಬುದನ್ನು ಅರಿತು, ಅದನ್ನೇ ಒಂದು ಪಾಠವಾಗಿ ಕಟ್ಟಿ, ಹದಿನೆಂಟು ವರ್ಷ ಶನಿವಾರ ತಪ್ಪಿಸದೆ ನಡೆಸಿಕೊಂಡು ಬಂದವರು ನಾನು ಕಂಡಂತೆ ಒಬ್ಬರೇ. ಅವರು ಈ ಏಪ್ರಿಲ್ ಕೊನೆಗೆ ಬಸವೇಶ್ವರನಗರದ ನಮ್ಮ ಆಸ್ಪತ್ರೆಯ ನರ್ಸಿಂಗ್ ಶಾಲೆಯಿಂದ ನಿವೃತ್ತರಾದ ಶ್ರೀಮತಿ ಸತ್ಯವತಿ ಮೇಡಂ. ಅವರ ಶಿಷ್ಯನೆಂದು ಹೇಳಿಕೊಳ್ಳುವ ಭಾಗ್ಯ ನನ್ನದಾಗಿದೆ; ಆ ಭಾಗ್ಯ ಕೈತಪ್ಪಿ ಹೋಗಲು ಒಂದು ದಿನ ಸಾಕಾಗಿತ್ತು ಎಂಬುದನ್ನು ಹೇಳದೆ ಈ ಲೇಖನ ಪೂರ್ಣವಾಗದು.

ಮೇಡಂ ಸೇವೆಗೆ ಸೇರಿದ್ದು ೧೯೮೭ರಲ್ಲಿ, ಬಿನ್ನಿಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಮಿಲ್ಲಿನ ಸೈರನ್ನು ಕೇಳಿ ಊಟಕ್ಕೆ ಏಳುವ ಜನ ಅಲ್ಲಿಯ ರೋಗಿಗಳು. ಹತ್ತಿಯ ಧೂಳು ಕುಡಿದ ಎದೆಗಳ ಕೆಮ್ಮನ್ನು ಅವರು ಎಂಟು ವರ್ಷ ಕೇಳಿದರು. "ಕೆಮ್ಮು ಅನ್ನೋದು ವರ್ಷಗಟ್ಟಲೆ ಇರುತ್ತೆ ಕಣೋ. ಸಿನಿಮಾದಲ್ಲಿ ಮಾತ್ರ ಒಂದು ಸಲ ಕೆಮ್ಮಿದ್ರೆ ಇಂಟರ್ವಲ್ ಹೊತ್ತಿಗೆ ಆಸಾಮಿ ಇರಲ್ಲ" ಎಂದು ಅವರು ಮುಂದೆ ನಮಗೆ ಹೇಳುತ್ತಿದ್ದ ಮಾತಿನ ಹಿಂದೆ ಆ ಎಂಟು ವರ್ಷಗಳಿದ್ದವು. ಅಲ್ಲಿಂದ ಬಸವೇಶ್ವರನಗರಕ್ಕೆ ಬಂದು, ಮೊದಲು ವಾರ್ಡಿನ ಹೊಣೆ, ಆಮೇಲೆ ಶಸ್ತ್ರಚಿಕಿತ್ಸೆಯ ಕೊಠಡಿ, ಅಂದರೆ ನಾವೆಲ್ಲ ಓಟಿ ಎನ್ನುವ ಜಾಗದ ಹೊಣೆ ಹೊತ್ತು, ಜೊತೆಗೆ ಪಾಠ ಹೇಳುವ ಕೆಲಸವನ್ನೂ ವಹಿಸಿಕೊಂಡರು.

ನಾನು ಅವರಲ್ಲಿಗೆ ಬಂದದ್ದು ೨೦೦೫ರಲ್ಲಿ. ನಮ್ಮೂರು ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳಕ್ಕೆ. ಅಪ್ಪ ಬೆಟ್ಟಯ್ಯ ದನಗಳ ಹೆರಿಗೆ ಮಾಡಿಸುವುದರಲ್ಲಿ ಸುತ್ತ ನಾಲ್ಕು ಊರಿಗೆ ಬೇಕಾದವರು. ಗಂಡು ಮಕ್ಕಳು ನರ್ಸ್ ಆಗುವುದುಂಟೇ ಎಂದು ಊರಿನವರು ನಕ್ಕಾಗ, "ನಾನು ಮಾಡ್ತಿರೋದು ಇನ್ನೇನು ಮತ್ತೆ?" ಎಂದು ಕೇಳಿ ಕಳಿಸಿಕೊಟ್ಟಿದ್ದರು. ಟ್ರಂಕು ಹೊತ್ತು ಬಸ್ಸಿಳಿದು ಬಂದ ನನ್ನನ್ನು ಮೇಡಂ ಮೊದಲು ಕೇಳಿದ್ದು ಅಂಕಪಟ್ಟಿಯನ್ನಲ್ಲ, "ಊಟ ಆಯ್ತಾ?" ಎಂದು. ಆ ಬ್ಯಾಚಿನ ನಲವತ್ತು ಮಂದಿಯಲ್ಲಿ ಹುಡುಗರು ಮೂವರೇ. ಹಾಸ್ಟೆಲಿನಲ್ಲಿ ನಮಗೆ ಜಾಗವಿಲ್ಲವೆಂದಾಗ ವಿಜಯನಗರದಲ್ಲಿ ಒಂದು ಮನೆಯ ಹಿಂಭಾಗದ ಕೋಣೆಯನ್ನು ಅವರೇ ಹುಡುಕಿ ಕೊಟ್ಟರು.

ಎರಡನೆಯ ವರ್ಷದ ಮಾರ್ಚ್ ತಿಂಗಳಲ್ಲಿ ನನಗೆ ಮೊದಲ ಬಾರಿಗೆ ಓಟಿಯ ಕೆಲಸ ಹಾಕಿದರು. ಆ ದಿನ ಬ್ಯಾಡರಹಳ್ಳಿಯ ಕಟ್ಟಡವೊಂದರಲ್ಲಿ ಕಬ್ಬಿಣ ಕಟ್ಟುವ ಕೆಲಸದಲ್ಲಿದ್ದ ಯಲ್ಲಪ್ಪ ಎಂಬುವರಿಗೆ ಹರ್ನಿಯಾ ಬಿಗಿದುಕೊಂಡು, ಕರುಳಿಗೆ ಅಪಾಯವೆಂದು ತುರ್ತಾಗಿ ಶಸ್ತ್ರಚಿಕಿತ್ಸೆ ನಡೆದಿತ್ತು. ಅವರು ಗದಗದ ಕಡೆಯವರು, ಬೆಂಗಳೂರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಹೆಂಡತಿ ಲಕ್ಷ್ಮವ್ವ, ಪಕ್ಕದಲ್ಲಿ ಆಕೆಯ ತಮ್ಮ ವಿಠ್ಠಲ. ಬೆಳಿಗ್ಗೆ ಹನ್ನೊಂದರಿಂದ ಅವರು ಆ ಬಾಗಿಲಿನಿಂದ ಕಣ್ಣು ತೆಗೆದಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಕೆಲಸ ಚೆನ್ನಾಗಿಯೇ ಮುಗಿಯುತ್ತ ಬಂದಿತ್ತು. ಹೊಟ್ಟೆಗೆ ಕಟ್ಟುವ ಪಟ್ಟಿಯನ್ನು ವಾರ್ಡಿನಿಂದ ತರಲು ನನ್ನನ್ನು ಕಳಿಸಿದರು. ಬಾಗಿಲು ತಳ್ಳಿಕೊಂಡು ಹೊರಬಂದವನು ಸೆಕೆಗೆ ಮೊದಲು ಮುಖದ ಮಾಸ್ಕನ್ನು ಕೆಳಗೆಳೆದೆ. ಕನ್ನಡಕಕ್ಕೆ ಆವಿ ಕಟ್ಟಿದ್ದರಿಂದ ಅದನ್ನೂ ತೆಗೆದು ಒರೆಸಿದೆ. ನನ್ನ ಚಪ್ಪಲಿ ಎಲ್ಲಿದೆಯೆಂದು ತಲೆ ತಗ್ಗಿಸಿ ನೆಲ ನೋಡಿದೆ. ಮಾಡಿದ್ದು ಇಷ್ಟೇ.

ಲಕ್ಷ್ಮವ್ವ ಎದ್ದು ನಿಂತರು. "ಏನಾತ್ರೀ ಯಪ್ಪಾ? ಹೇಳ್ರಿ, ಏನಾತು?"

ರೋಗಿಯ ಕಡೆಯವರಿಗೆ ವಿದ್ಯಾರ್ಥಿಗಳು ಏನನ್ನೂ ಹೇಳಕೂಡದೆಂದು ನಮಗೆ ಕಲಿಸಿದ್ದರು. ಕಲಿತದ್ದನ್ನು ಒಪ್ಪಿಸಿದೆ. "ಡಾಕ್ಟರ್ ಬಂದು ಹೇಳ್ತಾರಮ್ಮ" ಎಂದೆ.

ಅದುವರೆಗೆ ಅವರು ನೋಡಿದ್ದ ಸಿನಿಮಾಗಳೆಲ್ಲ ಆ ಗಳಿಗೆಗೆ ಅವರನ್ನು ಸಿದ್ಧಗೊಳಿಸಿದ್ದವು. ಲಕ್ಷ್ಮವ್ವ ಚೀರಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಎರಡೂ ಕೈಯ ಹಸಿರು ಬಳೆಗಳನ್ನು ಗೋಡೆಗೆ ಬಡಿದಿದ್ದರು. ವಿಠ್ಠಲ ಎದುರಿನ ಟೆಲಿಫೋನ್ ಬೂತಿಗೆ ಓಡಿ ಊರಿಗೆ ಸುದ್ದಿ ಮುಟ್ಟಿಸಿಯೂ ಆಗಿತ್ತು. ಒಳಗೆ ಯಲ್ಲಪ್ಪನವರಿಗೆ ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದರು, ಎಚ್ಚರವಿದ್ದ ಅವರು ಹೆಂಡತಿಯ ಅಳುವನ್ನು ಗುರುತು ಹಿಡಿದು, "ಸಿಸ್ಟರ್, ಹೊರಗ ನಮ್ಮಾಕಿ ಅಳಾಕತ್ತಾಳಲ್ರೀ, ಯಾರು ಸತ್ತಾರ?" ಎಂದು ಕೇಳಿದರಂತೆ.

ಹೊರಗೆ ಬಂದ ಮೇಡಂ ನನ್ನತ್ತ ನೋಡಲೂ ಇಲ್ಲ. ನೇರವಾಗಿ ಲಕ್ಷ್ಮವ್ವನವರ ಎರಡೂ ಕೈ ಹಿಡಿದರು. "ಯಲ್ಲಪ್ಪ ಬದುಕಿದ್ದಾರೆ ಲಕ್ಷ್ಮವ್ವ. ಒಳಗೆ ನಿಮ್ಮ ದನಿ ಕೇಳಿಸ್ಕೊಂಡು, ಯಾರು ಸತ್ರು ಅಂತ ನನ್ನೇ ಕೇಳ್ತಾ ಇದ್ದಾರೆ." ನಂಬದ ಆಕೆಗೆ ಓಟಿಯ ಗೌನು ತೊಡಿಸಿ, ಚಪ್ಪಲಿ ಬದಲಿಸಿ, ಬಾಗಿಲಿನ ಗಾಜಿನಿಂದ ಗಂಡನ ಮುಖ ತೋರಿಸಿದರು. ಯಲ್ಲಪ್ಪನವರು ಕೈಯೆತ್ತಿ "ಏನವಾ?" ಎಂಬಂತೆ ಆಡಿಸಿದರು. ಆಮೇಲೆ ಮೇಡಂ ಆಕೆಯ ಮಣಿಕಟ್ಟಿನ ಗಾಯ ತೊಳೆದು ಔಷಧಿ ಹಚ್ಚಿದರು. ಊಟಕ್ಕೂ ಹೋಗದೆ, ಪವಿತ್ರಾ ಪ್ಯಾರಡೈಸ್ ಬಸ್ ಸ್ಟಾಪಿನ ಕಡೆಯ ಬಳೆ ಅಂಗಡಿಗೆ ತಾವೇ ನಡೆದು ಹೋಗಿ ಬಂದು, ಅದೇ ಬೆಂಚಿನ ಮೇಲೆ ಕೂತು ಒಂದೊಂದಾಗಿ ಹೊಸ ಬಳೆ ತೊಡಿಸಿದರು.

ವಿಠ್ಠಲನ ಸಿಟ್ಟು ಬಳೆಯಿಂದ ಇಳಿಯುವಂಥದ್ದಾಗಿರಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. "ಜೀವಂತ ಮನಷ್ಯಾನ್ನ ಸಾಯಿಸಿಬಿಟ್ಟಾನ್ರೀ ಇಂವ. ಊರಾಗ ನಮ್ಮ ಮಾವನ ಅವ್ವ ಎಚ್ಚರ ತಪ್ಪಿ ಬಿದ್ದಾಳ. ಮೊದಲ ಇವನ್ನ ಹೊರಗ ಹಾಕ್ರಿ!" ಎಂದು ಆಫೀಸಿನ ಮುಂದೆ ಕೂತ. ಆಡಳಿತದವರಿಗೂ ಅದೇ ಸರಿಯೆನ್ನಿಸಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂದು ಶಾಲೆಯಿಂದ ಬಿಡುಗಡೆಯ ಪತ್ರ ತೆಗೆದುಕೊಂಡು ಹೋಗೆಂದರು. ನಾನು ಟ್ರಂಕು ಕಟ್ಟಿಕೊಂಡೇ ಹೋದೆ. ನಕ್ಕ ಊರಿಗೆ ತಿರುಗಿ ಹೋಗಿ ಅಪ್ಪನ ಮುಂದೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಆ ಕೊಠಡಿಯಲ್ಲಿ ಮೇಡಂ ಆಡಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಮಾಸ್ಕ್ ಕಟ್ಟೋದು ಹೇಗೆ ಅಂತ ಇವನಿಗೆ ಮೂರು ದಿನ ಹೇಳಿಕೊಟ್ಟಿದ್ದೀನಿ ಸಾರ್. ಯಾರ ಮುಂದೆ ಯಾವಾಗ ಬಿಚ್ಚಬೇಕು ಅಂತ ಒಂದು ನಿಮಿಷವೂ ಹೇಳಿಕೊಟ್ಟಿಲ್ಲ. ಕಲಿಸದೇ ಇರೋದನ್ನ ಮಾಡಲಿಲ್ಲ ಅಂತ ಹುಡುಗನ್ನ ಕಳಿಸೋದಾದ್ರೆ ಕಲಿಸಬೇಕಾಗಿದ್ದವಳನ್ನೂ ಕಳಿಸಿ." ಅಷ್ಟನ್ನೂ ಬರೆದು ಸಹಿ ಹಾಕಿಯೇ ತಂದಿದ್ದರು. ಆಡಳಿತದವರು ಪತ್ರವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟು, ನನಗೆ ತಿದ್ದಿಕೊಳ್ಳಲು ಹದಿನೈದು ದಿನದ ಗಡುವು ಕೊಟ್ಟರು.

ಹೊರಗೆ ಬಂದ ಮೇಲೆ ಮೇಡಂ ಆ ಟ್ರಂಕಿನ ಮೇಲೆಯೇ ಕೂತು ನನ್ನನ್ನು ಕೇಳಿದರು: "ನಿಮ್ಮಪ್ಪ ಹಸುಗೆ ಕರು ಹಾಕಿಸಿ ಕೊಟ್ಟಿಗೆಯಿಂದ ಆಚೆ ಬಂದಾಗ ಮೊದಲು ಏನು ಹೇಳ್ತಾರೋ?"

"ತಾಯಿ, ಕರ ಎರಡೂ ಚೆನ್ನಾಗವೆ ಅಂತಾರೆ ಮೇಡಂ."

"ಕೈ ತೊಳೆದ ಮೇಲೋ, ಮೊದಲೋ?"

"ಮೊದಲೇ. ಬಾಗಿಲಲ್ಲೇ."

"ಮತ್ತೆ? ಹಸುಗಿರೋ ಮರ್ಯಾದೆ ಲಕ್ಷ್ಮವ್ವಂಗೆ ಬೇಡ್ವೇನೋ?"

ನಮ್ಮ ಓಟಿಯ ನಿಯಮ ಹುಟ್ಟಿದ್ದು ಹಾಗೆ. ಒಳಗಿಂದ ಯಾರೇ ಹೊರಬರಲಿ, ಪಟ್ಟಿ ತರಲು ಹೊರಟ ವಿದ್ಯಾರ್ಥಿಯೇ ಆಗಿರಲಿ, ಬಾಗಿಲಲ್ಲೇ ನಿಂತು ಮೊದಲು ರೋಗಿಯ ಹೆಸರು ಹೇಳಬೇಕು, ಹೇಗಿದ್ದಾರೆಂದು ಒಂದು ಮಾತು ಹೇಳಬೇಕು. ಮಾಸ್ಕು, ಕನ್ನಡಕ, ಚಪ್ಪಲಿ ಎಲ್ಲ ಆಮೇಲೆ. ಸುದ್ದಿ ಕೆಟ್ಟದ್ದಿದ್ದರೆ ಬಾಗಿಲಲ್ಲಿ ಹೇಳಕೂಡದು, ಪಕ್ಕದ ಕೋಣೆಗೆ ಕರೆದು ಕೂರಿಸಿ ಹೇಳಬೇಕು. ಸರ್ಜನ್ನರನ್ನೂ ಮೇಡಂ ಇದರಿಂದ ಬಿಡಲಿಲ್ಲ. ದೊಡ್ಡ ಸರ್ಜನ್ ಒಬ್ಬರು "ಇದೆಲ್ಲ ಯಾಕಮ್ಮಾ ನಮಗೆ?" ಎಂದಾಗ, "ನೀವು ಮಾಸ್ಕ್ ತೆಗೆಯೋದನ್ನ ಎಷ್ಟು ಜನ ನೋಡ್ತಾ ಕೂತಿರ್ತಾರೆ ಅಂತ ಒಂದು ಸಲ ಬೆಂಚಿನ ಮೇಲೆ ಕೂತು ನೋಡಿ ಸಾರ್" ಎಂದರು. ಅವರು ಕೂರಲಿಲ್ಲ, ಆದರೆ ಮರುದಿನದಿಂದ ಹೆಸರು ಹೇಳತೊಡಗಿದರು.

ನನಗೆ ಮೇಡಂ ವಿಧಿಸಿದ ಶಿಕ್ಷೆ ಬೇರೆ. ನಾಲ್ಕು ಶನಿವಾರ ಮಧ್ಯಾಹ್ನ ಎರಡೂವರೆಗೆ ಅವರ ಜೊತೆ ಕೂತು ಸಿನಿಮಾ ನೋಡಬೇಕು, ಆಸ್ಪತ್ರೆ ಬಂದ ಕಡೆಯೆಲ್ಲ ನಿಲ್ಲಿಸಿ, ಹಾಳೆಯ ಎಡಕ್ಕೆ ಪರದೆಯಲ್ಲಿ ಕಂಡದ್ದನ್ನೂ ಬಲಕ್ಕೆ ವಾರ್ಡಿನಲ್ಲಿ ಕಂಡದ್ದನ್ನೂ ಬರೆಯಬೇಕು. ಪ್ರಶಸ್ತಿ ಬಂದ, ಹೆಸರಾದ ಚಿತ್ರಗಳೇ ಆಗಬೇಕು. "ಕೆಟ್ಟ ಸಿನಿಮಾದ ಸುಳ್ಳು ಎಲ್ಲರಿಗೂ ಗೊತ್ತಾಗುತ್ತೆ. ಒಳ್ಳೆ ಸಿನಿಮಾದ ಸುಳ್ಳನ್ನ ನಾವು ನಂಬಿಬಿಡ್ತೀವಿ" ಎಂಬುದು ಅವರ ವಾದ. ಮೂರನೆಯ ವಾರಕ್ಕೆ ನನ್ನ ಜೊತೆಯ ದೀಪ್ತಿ ಬಂದು ಕೂತಳು, ಐದನೆಯ ವಾರಕ್ಕೆ ತರಗತಿಯೇ ಬಂತು. ಶಿಕ್ಷೆ ಪಾಠವಾಯಿತು. ಹದಿನೈದು ದಿನದ ಗಡುವನ್ನು ಯಾರೂ ಮತ್ತೆ ಎತ್ತಲಿಲ್ಲ.

ಆ ಶನಿವಾರಗಳಲ್ಲಿ ನಾವು ಕಂಡುಕೊಂಡದ್ದನ್ನು ಹೇಳಹೊರಟರೆ ಈ ಬೀಳ್ಕೊಡುಗೆಯ ಸಂಪುಟ ಸಾಲದು. ಪರದೆಯ ಕಾಯಿಲೆ ಮೊದಲು ಕರವಸ್ತ್ರದ ಮೇಲೆ ಕಾಣಿಸಿಕೊಳ್ಳುತ್ತದೆ. ಗಂಟಲಿಗೆ ಕೊಳವೆ ಹಾಕಿಸಿಕೊಂಡವನು ಕಣ್ಣು ಬಿಟ್ಟೊಡನೆ ಅರ್ಧ ಪುಟ ಮಾತಾಡುತ್ತಾನೆ. "ಪುಣ್ಯ, ಹಾಡು ಹೇಳಲಿಲ್ಲ ಮೇಡಂ" ಎಂದು ದೀಪ್ತಿ ಎಲ್ಲರನ್ನೂ ನಗಿಸಿದ್ದಳು. ಅಲ್ಲಿ ಯಾರಿಗೂ ಮಲಗಿದಲ್ಲೇ ಮೂತ್ರ ಮಾಡಿಸಬೇಕಾಗಿ ಬರುವುದಿಲ್ಲ, ಯಾರೂ ಲ್ಯಾಬಿನ ರಿಪೋರ್ಟಿಗೆ ಕಾಯುವುದಿಲ್ಲ; ನರ್ಸಿಗೆ ಕೈಯಲ್ಲಿ ಟ್ರೇ ಇರುತ್ತದೆ, ಹೆಸರಿರುವುದಿಲ್ಲ. ಆದರೆ ಮೇಡಂ ಸಿನಿಮಾವನ್ನು ಹೀಯಾಳಿಸಲು ಬಿಟ್ಟವರಲ್ಲ. ಒಂದು ಚಿತ್ರದಲ್ಲಿ ಮುದುಕಿಯೊಬ್ಬಳು ಆಸ್ಪತ್ರೆಯಲ್ಲಿ ಗಂಡನ ಹೊದಿಕೆಯನ್ನು ಮಡಿಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಚುತ್ತಾಳೆ. ಅದನ್ನು ಅವರು ನಮಗೆ ಮೂರು ಸಲ ತೋರಿಸಿದರು. "ಮೂವತ್ತು ಹಾಸಿಗೆ ಇರೋ ವಾರ್ಡಲ್ಲಿ ಇದನ್ನ ನೀವು ಯಾರಾದ್ರೂ ನೋಡಿದ್ದೀರಾ? ಇವರು ನೋಡಿದ್ದಾರೆ. ಇದನ್ನ ಬಲಗಡೆ ಬರ್ಕೊಳ್ಳಿ" ಎಂದರು. ನಾನು ಹೊಲದ ಬದುವಿನಲ್ಲಿ ಬೆಳೆದವನು. ಕಾಯುವುದೂ ಒಂದು ಕೆಲಸವೆಂದು ಗೊತ್ತಿತ್ತು, ಅದನ್ನು ಆಸ್ಪತ್ರೆಯಲ್ಲಿಯೂ ಕಾಣಬೇಕೆಂದು ಗೊತ್ತಾದದ್ದು ಆ ದಿನ.

೨೦೧೬ರಲ್ಲಿ ಮಧ್ವೇಶ್ ಎಂಬ ಯುವ ನಿರ್ದೇಶಕರು ತಮ್ಮ ಚಿತ್ರಕ್ಕೆ ಡ್ರಿಪ್ ಹಾಕುವ ಬಗೆ ತಿಳಿಯಲು ಮೇಡಂ ಬಳಿ ಬಂದರು. ಎಲ್ಲ ಹೇಳಿಕೊಟ್ಟ ಮೇಲೆ ಮೇಡಂ ಚಿತ್ರಕಥೆಯನ್ನೂ ಓದಿ, ಒಂದು ಪುಟದಲ್ಲಿ ಬೆರಳಿಟ್ಟು ನಿಲ್ಲಿಸಿದರು. ವೈದ್ಯರು ಹೊರಬರುತ್ತಾರೆ, ಕನ್ನಡಕ ತೆಗೆಯುತ್ತಾರೆ, ತಲೆ ತಗ್ಗಿಸುತ್ತಾರೆ.

"ಮೇಡಂ, ಒಂದು ಮಾತೂ ಇಲ್ದೆ ಎಲ್ಲಾನೂ ಹೇಳೋದೇ ಸಿನಿಮಾ" ಎಂದರು ಮಧ್ವೇಶ್.

"ನಿಮ್ಮ ಮೌನಕ್ಕೆ ಪ್ರಶಸ್ತಿ ಬರುತ್ತೆ ಸಾರ್, ಬರಲಿ. ಬೆಂಚಿನ ಮೇಲೆ ಕೂತಿರೋ ನನ್ನ ಜನಕ್ಕೆ ಅದರಿಂದ ಬಳೆ ಹೋಗುತ್ತೆ."

ಬಳೆಯ ಕಥೆ ಕೇಳಿ ಅವರು ಆ ಪುಟವನ್ನು ಮಡಿಚಿಟ್ಟುಕೊಂಡರು. ತೆರೆಗೆ ಬಂದ ಚಿತ್ರದಲ್ಲಿ ನರ್ಸೊಬ್ಬಳು ಮಾಸ್ಕು ತೆಗೆಯದೆ ಬಾಗಿಲಲ್ಲಿ ನಿಂತು, ರೋಗಿಯ ತಾಯಿಯನ್ನು ಕರೆದು, ಕೋಣೆಗೆ ಕರೆದೊಯ್ದು ಕೂರಿಸುತ್ತಾಳೆ. ಆ ದೃಶ್ಯ ಸಪ್ಪೆಯೆಂದು ಒಬ್ಬ ವಿಮರ್ಶಕರು ಬರೆದರು. ಚಿತ್ರಕ್ಕೆ ಪ್ರಶಸ್ತಿಯೂ ಬಂತು. ಮೇಡಂ ಆ ವಿಮರ್ಶೆಯನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿ, "ಸಪ್ಪೆಯಾಗಿದ್ರೇ ಸರಿ" ಎಂದು ಕೆಳಗೆ ಬರೆದರು. ಅದು ಈಗಲೂ ಅಲ್ಲಿದೆ.

ಇಂದು ನಾನು ಅದೇ ಓಟಿಯ ಹೊಣೆ ಹೊತ್ತಿದ್ದೇನೆ. ಈ ಫೆಬ್ರವರಿಯಲ್ಲಿ, ನಿವೃತ್ತಿಗೆ ಮೂರು ತಿಂಗಳಿರುವಾಗ, ಮೇಡಂ ಅವರಿಗೇ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಬೇರೆ ಆಸ್ಪತ್ರೆಗೆ ಹೋಗೋಣವೆಂದ ಯಜಮಾನರಾದ ಗೋಪೀನಾಥ ಅವರಿಗೆ, "ನನ್ನ ಹುಡುಗರು ಇರೋ ಕಡೆ ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದರಂತೆ. ಒಂದೂವರೆ ಗಂಟೆಯಲ್ಲಿ ಎಲ್ಲ ಸರಿಯಾಗಿ ಮುಗಿಯಿತು. ಹೇಳಲು ನಾನೇ ಹೊರಟೆ. ಬಾಗಿಲು ತಳ್ಳಿದಾಗ ಕನ್ನಡಕಕ್ಕೆ ಆವಿ ಕಟ್ಟಿತ್ತು, ಕಣ್ಣೂ ತುಂಬಿತ್ತು. ಎದುರಿಗೆ ಬೆಂಚಿನ ಮೇಲೆ ಇಬ್ಬರು ಕೂತಿರುವುದಷ್ಟೇ ಮಸುಕಾಗಿ ಕಂಡಿತು. ಕೈ ತಾನಾಗಿ ಕಿವಿಯವರೆಗೆ ಹೋಯಿತು. ಅಲ್ಲೇ ತಡೆದೆ.

"ಗೋಪೀನಾಥ್ ಸಾರ್, ಸತ್ಯವತಿ ಮೇಡಂ ಚೆನ್ನಾಗಿದ್ದಾರೆ. ಆಪರೇಷನ್ ಮುಗೀತು, ಎಚ್ಚರ ಆಗ್ತಾ ಇದೆ" ಎಂದೆ. ಆಮೇಲೆ ಮಾಸ್ಕು ತೆಗೆದೆ. ಆಮೇಲೆ ಕನ್ನಡಕ ಒರೆಸಿದೆ.

ಗೋಪೀನಾಥರ ಪಕ್ಕದಲ್ಲಿದ್ದವರು ಲಕ್ಷ್ಮವ್ವ. ಈಗ ಬ್ಯಾಡರಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ, ಮೇಸ್ತ್ರಿಯಾಗಿರುವ ಯಲ್ಲಪ್ಪನವರ ಹೆಂಡತಿ. ಸುದ್ದಿ ತಿಳಿದು ಬೆಳಿಗ್ಗೆಯೇ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ಅವರು ನನ್ನ ಮುಂದೆ ಎರಡೂ ಕೈ ಚಾಚಿ ಗಲಗಲ ಎನ್ನಿಸಿದರು.

"ಈ ಸಲ ಬಳಿ ಉಳಿದ್ವು ನೋಡೋ ಯಪ್ಪಾ."

ಒಳಗೆ ಎಚ್ಚರಗೊಂಡ ಮೇಡಂ ಕೇಳಿದ್ದು ನೋವಿನ ಮಾತಲ್ಲ. "ಹೊರಗೆ ಹೇಳಿದ್ಯೇನೋ?"

"ಹೇಳಿದೆ ಮೇಡಂ."

"ಮಾಸ್ಕು?"

"ಹೇಳಿದ ಮೇಲೇ ತೆಗೆದೆ."

"ಹೂಂ" ಎಂದು ಕಣ್ಣು ಮುಚ್ಚಿಕೊಂಡರು. ಇಲ್ಲಿ ಕಳೆದ ನನ್ನ ಇಪ್ಪತ್ತು ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ದೊರೆತಿಲ್ಲ.

ಮೂವತ್ತೆಂಟು ವರ್ಷ ದುಡಿದ ಕೈಗಳಿಗೆ ವಿಶ್ರಾಂತಿ ಬೇಕೆಂದು ನಾವು ಹೇಳಬಹುದು, ಅವರು ಕೇಳುವವರಲ್ಲ. ಜೂನ್ ತಿಂಗಳಿಂದ ಶನಿವಾರದ ಪಾಠಕ್ಕೆ ತಾವೇ ಬರುವುದಾಗಿ ತಿಳಿಸಿದ್ದಾರೆ. ಎರಡೂವರೆಗೆ ಅವರ ಕುರ್ಚಿ ಹಾಕಿಯೇ ಇರುತ್ತದೆ. ಅವರಿಗೆ ಆಯುಸ್ಸು ನೂರು ತುಂಬಲಿ, ಆರೋಗ್ಯ ಅದಕ್ಕಿಂತ ಒಂದು ದಿನ ಹೆಚ್ಚಿರಲಿ. ನಮ್ಮ ಬಾಗಿಲಿನ ಎದುರು ಕಾಯುತ್ತ ಕೂತ ಪ್ರತಿಯೊಬ್ಬರಿಗೂ ಮೊದಲು ಅವರ ಮನುಷ್ಯರ ಹೆಸರು ಕೇಳಿಸಲಿ, ಆಮೇಲೆ ನಮ್ಮ ಮುಖ ಕಾಣಲಿ.

— ಮಹದೇವ್