ಬೆನ್ನ ಹಿಂದೆ ನಿಂತವನು

ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ನನಗೇ ಗೊತ್ತಾದಾಗ ನನ್ನ ವಯಸ್ಸು ಮೂವತ್ತೆರಡು. ಅಷ್ಟು ಹೊತ್ತಿಗೆ ಪಕ್ಕದ ರಾಜ್ಯದ ಕರಾವಳಿಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಹನ್ನೊಂದನೆಯ ಹಂಗಾಮು ಆಡುತ್ತಿದ್ದೆ. ನನ್ನದು ಸ್ಟಾಪರ್‌ನ ಜಾಗ. ಅಂದರೆ ಗೋಲಿನ ಮುಂದೆ ನಟ್ಟನಡುವೆ ನಿಲ್ಲುವ ಡಿಫೆಂಡರ್; ಅವನ ಹಿಂದೆ ಇರುವವನು ಗೋಲ್‌ಕೀಪರ್ ಒಬ್ಬನೇ. ಆ ಜಾಗದಲ್ಲಿ ನಿಂತವನು ಹಿಂದಿನಿಂದ ಬರುವ ಕೂಗನ್ನು ನಂಬಿ ಆಡಬೇಕು. ಕೂಗೇ ಕೇಳದವನೊಬ್ಬ ಅಲ್ಲಿ ಹನ್ನೊಂದು ವರ್ಷ ನಿಂತಿದ್ದ ಎಂದು ಬೇರೆ ಯಾರ ಬಗ್ಗೆಯಾದರೂ ಹೇಳಿದ್ದರೆ, ಯಾರಿಗೆ ಕಿವಿಯ ಮೇಲೆ ಹೂ ಇಡುತ್ತೀಯೋ ಎಂದು ಬೈದು ಕಳಿಸುತ್ತಿದ್ದೆ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಮುಂದಿನ ಕೋಣೆಯಲ್ಲಿ ಊಟ, ನಿದ್ದೆ. ಹಿಂದಿನ ಉದ್ದನೆಯ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ನಡುವೆ ಒಂದೇ ಗೋಡೆ, ಅದರ ಬಾಗಿಲಿಗೂ ಕದವಿಲ್ಲ. ನನ್ನ ತೊಟ್ಟಿಲನ್ನು ಮಗ್ಗದ ಪಕ್ಕದಲ್ಲೇ ಕಟ್ಟಿದ್ದರಂತೆ. ಕರೆಂಟು ಹೋಗಿ ಮಗ್ಗ ನಿಂತರೆ ನಾನು ಎದ್ದು ಅಳುತ್ತಿದ್ದೆನಂತೆ. ಇದನ್ನು ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು, ನಾನೂ ನಗುತ್ತಿದ್ದೆ.

ಆ ಖಟಖಟದ ನಡುವೆ ಬಾಯಿಂದ ಮಾತಾಡುತ್ತೇನೆ ಎಂದರೆ ಗಂಟಲು ಹರಿಯುತ್ತದೆ. ಅದಕ್ಕೇ ನೇಕಾರರು ತುಟಿ ನೋಡಿ ಮಾತು ತಿಳಿಯುತ್ತಾರೆ, ಉಳಿದದ್ದಕ್ಕೆ ಕೈ ಇದೆ. ಎರಡು ಬೆರಳು ಜೋಡಿಸಿ ಫಟ್ಟನೆ ಬಿಡಿಸಿದರೆ ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದರ್ಥ. ಅಂಗೈಯಿಂದ ಎದೆ ಬಡಿದುಕೊಂಡರೆ, ನಾನು ನೋಡಿಕೊಳ್ಳುತ್ತೇನೆ, ನೀನು ಬಿಡು. ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿದರೆ, ನಿನ್ನ ಬೆನ್ನಿಗೆ ಯಾರೋ ಬಂದಿದ್ದಾರೆ. ನಾನು ಅಕ್ಷರ ಕಲಿಯುವುದಕ್ಕೆ ಮೊದಲೇ ಇದನ್ನು ಕಲಿತಿದ್ದೆ.

ಇದರ ಜೊತೆಗೆ ಅಜ್ಜಿಯದೊಂದು ಕಟ್ಟಪ್ಪಣೆ. ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂಬುದು ಎಲ್ಲ ಮನೆಗಳಲ್ಲೂ ಇದೆ. ನಮ್ಮಜ್ಜಿ ಅದನ್ನು ಹೊರಟವರಿಗಷ್ಟೇ ಬಿಡಲಿಲ್ಲ; ಕೂತವರನ್ನೂ ನಿಂತವರನ್ನೂ ಹಿಂದಿನಿಂದ ಕರೆಯುವ ಹಾಗಿರಲಿಲ್ಲ.

“ಬೆನ್ನಿಗೆ ನಿಂತ ಕರಿಯೂದು ದರಿದ್ರ ಚಾಳಿ. ಎದುರಿಗೆ ಬಂದ ನಿಂತು ಮಾತಾಡ್ರಿ” ಎನ್ನುತ್ತಿದ್ದಳು.

ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೆ ಏನು ಹೇಳಬೇಕಿದ್ದರೂ ನಡೆದುಹೋಗಿ, ಎದುರು ನಿಂತು, ಮುಖ ನೋಡಿಯೇ ಹೇಳುವುದು. ಇದು ಶಕುನದ ಮಾತು ಎಂದು ನಾವೆಲ್ಲ ನಂಬಿದ್ದೆವು.

ಫುಟ್‌ಬಾಲ್ ಸಿಕ್ಕಿದ್ದು ಜಮಖಂಡಿಯ ಸಾಲೆಯಲ್ಲಿ. ನಮ್ಮ ಕಡೆ ಗಂಡು ಹುಡುಗ ಎಂದರೆ ಕುಸ್ತಿ, ಇಲ್ಲವೆ ಕಬಡ್ಡಿ. ಡ್ರಿಲ್ ಮಾಸ್ತರರು ಎರಡರಲ್ಲೂ ನನ್ನನ್ನು ಇಳಿಸಿ ನೋಡಿದರು. ಕುಸ್ತಿಯಲ್ಲಿ ಎದುರಾಳಿಯ ಕಿವಿ ಕಚ್ಚಿದೆ. ಕಬಡ್ಡಿಯಲ್ಲಿ ತೀರ್ಪು ಕೊಡುವ ಪಂಚನ ಜೊತೆಗೇ ಕೈ ಮಿಲಾಯಿಸಿದೆ. ಮಾಸ್ತರರು ಹಣೆ ಹಣೆ ಬಡಿದುಕೊಂಡು ಒಂದು ಹಳೆಯ ಚೆಂಡು ತಂದು ನನ್ನ ಮುಂದೆ ಒಗೆದರು.

“ಲೇ, ನಿನಗ ಮೈಯಿಲ್ಲ, ತಾಳ್ಮಿ ಮೊದಲs ಇಲ್ಲ. ನೀ ಗೋಲಿನ ಮುಂದ ನಿಂದರು. ಯಾರ ಬಂದರೂ ದಾಟಿ ಹೋಗಾಕ ಬಿಡಬ್ಯಾಡ. ಅಷ್ಟs ನಿನ್ನ ಕೆಲಸ” ಎಂದರು.

ಅಷ್ಟೇ ಕೆಲಸ ನನಗೆ ಎಷ್ಟು ಹಿಡಿಸಿತೆಂದರೆ, ಸೂಟಿಯಲ್ಲಿ ಅತ್ತೆಯ ಊರಾದ ಗಲಗಲಿಗೆ ಹೋದಾಗ ಕೃಷ್ಣೆಯ ದಂಡೆಯ ಉಸುಕಿನಲ್ಲಿ ಒಬ್ಬನೇ ಓಡುತ್ತಿದ್ದೆ. ಮುಧೋಳದ ಹುಡುಗರ ಎದುರು ಆಡಿದ ಒಂದು ಮ್ಯಾಚಿನಲ್ಲಿ ಒಬ್ಬನನ್ನೂ ದಾಟಗೊಡಲಿಲ್ಲ. ಅದನ್ನು ನೋಡಲು ಬಂದಿದ್ದ ಮಾಸ್ತರರ ಗೆಳೆಯರೊಬ್ಬರು ಕರಾವಳಿಯ ಕ್ಲಬ್ಬಿಗೆ ನನ್ನ ಹೆಸರು ಹೇಳಿದರು. ಕೆಲವು ವರ್ಷ ಅವರ ಕಿರಿಯರ ತಂಡದಲ್ಲಿ ಆಡಿದೆ, ಇಪ್ಪತ್ತೆರಡಕ್ಕೆ ದೊಡ್ಡ ತಂಡ ಸೇರಿದೆ.

ಅಲ್ಲಿ ಗೋಲ್‌ಕೀಪರ್ ಆಗಿದ್ದವನು ಕಾರವಾರದವನು. ನನಗಿಂತ ಐದು ವರ್ಷ ದೊಡ್ಡವನು, ಬಡಪೆಟ್ಟಿಗೆ ಸಿಟ್ಟಾಗದವನು. ತಂಡದಲ್ಲಿ ಕನ್ನಡದವರು ನಾವಿಬ್ಬರೇ ಎಂದು ನಮ್ಮನ್ನು ಒಂದೇ ಕೋಣೆಗೆ ಹಾಕಿದ್ದರು. ಅವನ ಕನ್ನಡ ನನಗೆ ನಗೆ ತರಿಸುತ್ತಿತ್ತು, ನನ್ನದು ಅವನಿಗೆ. ಮಳೆ ಬಿದ್ದು ಪ್ರಾಕ್ಟೀಸ್ ನಿಂತ ಒಂದು ಮಧ್ಯಾಹ್ನ ಹೊತ್ತು ಹೋಗದೆ ಅವನಿಗೆ ನಮ್ಮ ಮಗ್ಗದ ಕೈಸನ್ನೆ ತೋರಿಸಿದೆ. ಅವನು ನಗಲಿಲ್ಲ. ಒಂದೊಂದನ್ನೂ ಎರಡೆರಡು ಸಲ ಮಾಡಿ ಕಲಿತ. ಮುಂದಿನ ಮ್ಯಾಚಿನಿಂದ ಮೈದಾನದಲ್ಲೂ ಅದನ್ನೇ ಶುರು ಮಾಡಿದ. ಚೆಂಡು ಅವನದಾದರೆ ಕಿತ್ತಳೆ ಬಣ್ಣದ ಗ್ಲೌಸಿನಿಂದ ಎದೆ ಬಡಿದುಕೊಳ್ಳುವನು. ನನ್ನ ಹಿಂದೆ ಆಳು ಬಂದರೆ ಹೆಬ್ಬೆರಳು ಹೆಗಲ ಮೇಲಿಂದ ಹಿಂದಕ್ಕೆ ಹೋಗುವುದು. ಇವನಿಗೆ ನಮ್ಮೂರಿನ ಹುಚ್ಚು ಹಿಡಿದಿದೆ ಎಂದು ನಾನು ಒಳಗೊಳಗೇ ಉಬ್ಬಿದೆ.

ನನ್ನ ಆಟಕ್ಕೊಂದು ಹೆಸರೂ ಬಂತು. ನಾನು ಗಳಿಗೆಗೊಮ್ಮೆ ತಿರುಗಿ ಹಿಂದೆ ನೋಡುತ್ತೇನಲ್ಲ, ಅದನ್ನು ಕೋಚ್ ಹೊಸಬರಿಗೆ ವಿಡಿಯೊ ಹಾಕಿ ತೋರಿಸುತ್ತಿದ್ದರು. ಸ್ಟಾಪರ್ ಎಂದರೆ ಹೀಗಿರಬೇಕು, ಮುಂದೂ ಕಣ್ಣು, ಹಿಂದೂ ಕಣ್ಣು ಎನ್ನುತ್ತಿದ್ದರು. ನಾನು ಅಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತು ಕೇಳುತ್ತಿದ್ದೆ.

ಹೆಸರಿನ ಜೊತೆ ಕೆಟ್ಟ ಹೆಸರೂ ಇತ್ತು. ರೆಫರಿ ಸೀಟಿ ಊದಿದ ಮೇಲೂ ನಾನು ಚೆಂಡು ಒದೆಯುತ್ತೇನೆ, ಆಳನ್ನು ಬೀಳಿಸುತ್ತೇನೆ ಎಂದು ಹಳದಿ ಚೀಟಿಯ ಮೇಲೆ ಹಳದಿ ಚೀಟಿ. ನಾನು ರೆಫರಿಯ ಮುಖಕ್ಕೆ ಮುಖ ಕೊಟ್ಟು, ನೀನು ಊದಿದ್ದು ಯಾವಾಗ, ಸುಳ್ಳು ಹೇಳಲು ನಾಚಿಕೆಯಾಗುವುದಿಲ್ಲವೇ ಎಂದು ಕೂಗಾಡುತ್ತಿದ್ದೆ. ದೇಶದ ರೆಫರಿಗಳೆಲ್ಲ ಸೇರಿ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎಂದು ಖರೇನೇ ನಂಬಿದ್ದೆ. ಕೀಪರ್ ಪ್ರತಿಸಲ ಗೋಲು ಬಿಟ್ಟು ಓಡಿಬಂದು ನನ್ನ ತೋಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಏನೂ ಅನ್ನುತ್ತಿರಲಿಲ್ಲ.

ಆಮೇಲೆ ಆ ರೋಗದ ವರ್ಷ ಬಂತು. ತಂಡವನ್ನೆಲ್ಲ ಒಂದು ಹೋಟೆಲಿನಲ್ಲಿ ಕೂಡಿಹಾಕಿ, ಜನರಿಲ್ಲದ ಮೈದಾನದಲ್ಲಿ ಆಡಿಸಿದರು. ಆಡುವ ಹೊತ್ತು ಬಿಟ್ಟರೆ ಎಲ್ಲರ ಮುಖಕ್ಕೂ ಮಾಸ್ಕ್. ಮೊದಲ ದಿನ ಟೀಮ್ ಮೀಟಿಂಗಿನಲ್ಲಿ ಕೋಚ್ ಏನೋ ಹೇಳಿದರು, ಎಲ್ಲರೂ ತಲೆಯಾಡಿಸಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಗೊಣಗುತ್ತಿದ್ದಾರೆ ಎಂದುಕೊಂಡೆ. ಎರಡನೆಯ ದಿನವೂ ಹಾಗೇ. ನನ್ನ ಒಪ್ಪಂದ ಆ ಹಂಗಾಮಿಗೆ ಮುಗಿಯುವುದಿತ್ತು. ಇನ್ನೆರಡು ವರ್ಷ ಇದೇ ಜಾಗದಲ್ಲಿ ಆಡಬೇಕೆಂಬುದೊಂದೇ ನನ್ನ ಆಸೆ. ಬೇರೆ ಕೆಲಸ ನನಗೆ ಬರುತ್ತಲೂ ಇರಲಿಲ್ಲ. ನನ್ನನ್ನು ತೆಗೆಯಲೆಂದೇ ಇವರು ನನ್ನೆದುರು ಪಿಸುಗುಡುತ್ತಿದ್ದಾರೆ ಎಂಬ ಗುಮಾನಿ ಹೊಕ್ಕಿತು. ಮೂರನೆಯ ದಿನ ಸಹಾಯಕ ಕೋಚ್ ಏನೋ ಕೇಳಿದಾಗ, ಗಂಡಸಾಗಿದ್ದರೆ ಬಾಯಿ ಬಿಟ್ಟು ಮಾತಾಡು ಎಂದು ಹರಿಹಾಯ್ದೆ. ಪಾಪ, ಆ ಮನುಷ್ಯ ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದ್ದನಂತೆ.

ಅದೇ ವಾರ ನಮ್ಮ ಕೀಪರನಿಗೆ ಜ್ವರ ಬಂದು ಬೇರೆ ಕೋಣೆಗೆ ಹಾಕಿದರು. ಗೋಲಿಗೆ ಹೊಸ ಕೀಪರ್ ಬಂದ. ಮ್ಯಾಚಿನ ಕೊನೆಯ ಹೊತ್ತು. ಎಡಗಡೆಯಿಂದ ಎತ್ತರದ ಚೆಂಡು ಬಂತು. ತಿರುಗಿ ನೋಡಿದೆ. ಹೊಸಬನ ಎರಡೂ ಕೈ ಮುಂದಕ್ಕೆ ಚಾಚಿದ್ದವು, ಸನ್ನೆ ಇರಲಿಲ್ಲ. ನನ್ನದೇ ಚೆಂಡು ಎಂದು ಹಾರಿ ತಲೆ ಕೊಟ್ಟೆ. ಅವನೂ ಹಾರಿದ್ದ. ಚೆಂಡು ನನ್ನ ತಲೆಗೆ ಬಡಿದು, ಅವನ ಕೈ ದಾಟಿ, ನಮ್ಮದೇ ಗೋಲಿನೊಳಗೆ ಹೋಯಿತು. ಅವನು ಎದ್ದು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ.

ಮರುದಿನ ಎಲ್ಲರ ಎದುರು ಆ ವಿಡಿಯೊ ಹಾಕಿದರು. ಹೊಸಬ ಕೂಗಲೇ ಇಲ್ಲ, ಕೂಗಿದ್ದರೆ ನಾನು ಬಿಡುತ್ತಿದ್ದೆ ಎಂದು ನಾನೇ ಮೊದಲು ಜಗಳ ತೆಗೆದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ವಿಡಿಯೊ ಹಾಕುವವನು ದನಿ ಹೆಚ್ಚಿಸಿ ಇನ್ನೊಮ್ಮೆ ಹಾಕಿದ. ಮತ್ತೆ ನನ್ನನ್ನು ನೋಡಿದರು. ಮೂರನೆಯ ಸಲ ಆ ಹೊಸಬನ ಮುಖವನ್ನಷ್ಟೇ ದೊಡ್ಡದು ಮಾಡಿ ತೋರಿಸಿದ. ಅವನ ತುಟಿ ಕಂಡಿತು. ‘ನನ್ನದು, ನನ್ನದು, ನನ್ನದು’ ಎಂದು ಹಿಂದಿಯಲ್ಲಿ ಮೂರು ಸಲ ಹೇಳುತ್ತಿದ್ದ ತುಟಿಯನ್ನು ನಾನು ಸ್ಪಷ್ಟವಾಗಿ ಓದಿದೆ. ದನಿ ಮಾತ್ರ ಬರಲಿಲ್ಲ. ಪಕ್ಕದಲ್ಲಿದ್ದವರು ಆ ಕೂಗಿಗೆ ಮುಖ ಕಿವಿಚುತ್ತಿದ್ದರು, ಅಷ್ಟು ಜೋರಾಗಿತ್ತಂತೆ.

ಕ್ಲಬ್ಬಿನವರು ನನ್ನನ್ನು ಹೊರಗಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಿವಿ ಪರೀಕ್ಷೆಗೆ ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದು ಬರೆದು ತೋರಿಸಿದರು. ಮೊದಲು ಏಳೆಂಟು ಸಲ ಗುಂಯ್ ಎಂದದ್ದು ಕೇಳಿತು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು, ಸರಿಮಾಡುತ್ತಿದ್ದಾರೆ ಎಂದು ಸುಮ್ಮನೆ ಕಾಯುತ್ತ ಕೂತೆ. ಡಾಕ್ಟರ್ ಬಾಗಿಲು ತೆಗೆದರು. ಪರೀಕ್ಷೆ ಮುಗಿಯಿತು ಎಂದು ಕೈ ಮಾಡಿದರು. ಮತ್ತೆ ಗಾಜಿನ ಆ ಕಡೆ ಹೋಗಿ ನಿಂತು ಮಾಸ್ಕ್ ಇಳಿಸಿ, ನಿಮಗೆ ತೆಳ್ಳಗಿನ ದನಿಗಳು ಹೋಗಿಬಿಟ್ಟಿವೆ, ಸೀಟಿ, ಹಕ್ಕಿ, ದೂರದ ಕೂಗು, ಇಂಥವು, ಚಿಕ್ಕಂದಿನಲ್ಲೇ ಹೋಗಿರಬೇಕು ಎಂದು ವಿವರಿಸಿದರು. ಗಿರಣಿಯ ಪಕ್ಕ ಬೆಳೆದಿರಾ ಎಂದು ಕೇಳಿದರು.

ಸೀಟಿ ಎಂದದ್ದೇ ನನಗೆ ಆ ಹಳದಿ ಚೀಟಿಗಳೆಲ್ಲ ಒಟ್ಟಿಗೆ ನೆನಪಾದವು. ಅವರೆಲ್ಲ ಊದಿದ್ದರು. ಒಬ್ಬನೂ ಸುಳ್ಳು ಹೇಳಿರಲಿಲ್ಲ. ಹನ್ನೊಂದು ವರ್ಷ ನಾನು ಸುಮ್ಮನೆ ಆ ಜನರ ಮಾನ ತೆಗೆದಿದ್ದೆ. ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತೆ.

ಡಾಕ್ಟರ್ ಕ್ಲಬ್ಬಿನವರಲ್ಲ, ವರದಿ ಇದ್ದದ್ದು ನನ್ನ ಕೈಯಲ್ಲೇ. ಕ್ಲಬ್ಬಿನವರಿಗೆ ಕಿವಿಯಲ್ಲಿ ಸೋಂಕು ಎಂದು ಹೇಳಿ ದಾಟಿಸಬಹುದು, ಕೀಪರ್ ವಾಪಸ್ಸು ಬಂದರೆ ಅವನ ಸನ್ನೆಯಲ್ಲಿ ಹೇಗೋ ನಡೆಯುತ್ತದೆ, ಎರಡು ವರ್ಷ ತಳ್ಳಬಹುದು. ಹೀಗೆಂದು ಲೆಕ್ಕ ಹಾಕಿ, ಜ್ವರ ಬಿಟ್ಟು ಹೊರಬಂದ ಅವನನ್ನು ಮೈದಾನದ ಮೂಲೆಗೆ ಕರೆದುಕೊಂಡು ಹೋದೆ. ನನಗೆ ಕಿವಿ ಕೇಳಿಸುವುದಿಲ್ಲವಂತೆ, ಯಾರಿಗೂ ಹೇಳಬೇಡ ಎಂದೆ.

ಅವನು ಮಾಸ್ಕ್ ಇಳಿಸಿ, ನನ್ನ ಎದುರು ಸರಿಯಾಗಿ ನಿಂತು, ನಿಧಾನವಾಗಿ ಹೇಳಿದ.

“ನಂಗೆ ಗೊತ್ತುಂಟು ಮಾರಾಯ. ಮೊದಲ ವರ್ಷದಿಂದ್ಲೇ ಗೊತ್ತುಂಟು.”

ಅವನೇ ಮುಂದುವರಿಸಿದ.

“ಬಂದ ಹೊಸತರಲ್ಲಿ ಹಿಂದಿಂದ ಕೂಗಿದ್ರೆ ನೀನು ತಿರುಗ್ತಿರ್ಲಿಲ್ಲ. ಕೊಬ್ಬು ಅಂದ್ಕೊಂಡೆ. ಆಮೇಲೆ ಒಂದು ದಿನ ರೂಮಿನಲ್ಲಿ ಅಲಾರಾಂ ಹೊಡೀತಾನೇ ಇತ್ತು, ನೀನು ಪಕ್ಕದಲ್ಲೇ ಕೂತು ಆರಾಮಾಗಿ ಶೂ ಒರೆಸ್ತಾ ಇದ್ದೆ. ಅದಕ್ಕೇ ಆ ಮಗ್ಗದ ಸನ್ನೆ ಕಲ್ತದ್ದು.”

“ಹನ್ನೊಂದ ವರ್ಷ ಯಾಕ ಹೇಳಲಿಲ್ಲಲೇ ನೀ?” ಎಂದೆ.

“ಹೇಳಿದ್ರೆ ನೀನು ಹೆದರ್ತಿದ್ದೆ. ಹೆದರಿದವನು ಆ ಜಾಗದಲ್ಲಿ ನಿಲ್ಲೂದಿಲ್ಲ” ಎಂದ.

ನನಗೆ ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ, ಮೈಯೆಲ್ಲ ಉರಿಯಿತು. ಕೋಚ್ ವಿಡಿಯೊ ಹಾಕಿ ಹೊಗಳಿದ್ದು ನನ್ನ ಆಟವನ್ನಲ್ಲ, ಇವನ ಕೈಯನ್ನು. ನಾನು ಕಾಲ ಮೇಲೆ ಕಾಲು ಹಾಕಿ ಕೂತು ಹೊಗಳಿಸಿಕೊಳ್ಳುವಾಗ ಇವನು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತಿದ್ದ. ನನ್ನನ್ನು ಏನೂ ತಿಳಿಯದ ಕೂಸು ಮಾಡಿದೆ ಎಂದು ಬಾಯಿಗೆ ಬಂದಂತೆ ಬೈದು, ಅವತ್ತೇ ಕೋಚ್ ಹತ್ತಿರ ಹೋಗಿ ವರದಿಯನ್ನು ಅವರ ಮೇಜಿನ ಮೇಲೆ ಇಟ್ಟು, ಕೀಪರನ ಸನ್ನೆಯ ಗುಟ್ಟನ್ನೂ ಹೇಳಿದೆ. ಕೋಚ್ ಅದನ್ನು ಎರಡು ಸಲ ಓದಿದರು. ಈ ಹಂಗಾಮಿನಲ್ಲಿ ಗೋಲಿಗೆ ಹಳೆಯ ಕೀಪರೇ ನಿಂತಾಗ ಆಡು, ಮುಂದಿನ ಒಪ್ಪಂದ ಇಲ್ಲ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಉಳಿದ ಮ್ಯಾಚುಗಳನ್ನು ಕೀಪರನ ಜೊತೆ ಒಂದು ಮಾತೂ ಆಡದೆ ಆಡಿದೆ. ತಿರುಗಿದಾಗಲೆಲ್ಲ ಆ ಕಿತ್ತಳೆ ಗ್ಲೌಸು ಇರಬೇಕಾದಲ್ಲೇ ಇರುತ್ತಿತ್ತು. ಕೊನೆಯ ಮ್ಯಾಚು ಮುಗಿದ ದಿನ ಅವನು ಕೈ ಮುಂದೆ ಮಾಡಿದ, ನಾನು ಹಿಡಿಯದೆ ಬಸ್ಸು ಹತ್ತಿದೆ.

ಬನಹಟ್ಟಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಅಣ್ಣ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ, ಅವ್ವ ಒಳಗಿದ್ದಾಳೆ ಎಂದು ಕೈ ಮಾಡಿದ. ಹಿಂದಿನ ಕೋಣೆಯಲ್ಲಿ ಅವ್ವ ಬಾಗಿಲಿಗೆ ಬೆನ್ನು ಹಾಕಿ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದಳು. ಬಾಗಿಲಲ್ಲಿ ನಿಂತ ನನಗೆ, ಹುಟ್ಟಿದಾಗಿನಿಂದ ಒಮ್ಮೆಯೂ ಮಾಡದ ಒಂದು ಕೆಲಸ ಮಾಡಿ ನೋಡಬೇಕೆನಿಸಿತು. ಅಜ್ಜಿಯ ಅಪ್ಪಣೆ ಮುರಿದು ಹಿಂದಿನಿಂದಲೇ ಕರೆದೆ.

“ಅವ್ವಾ” ಎಂದೆ.

ಅವಳು ಎಳೆ ಬಿಡಿಸುತ್ತಲೇ ಇದ್ದಳು. ಇನ್ನೂ ಜೋರಾಗಿ ಕರೆದೆ. ಕಟ್ಟೆಯಲ್ಲಿದ್ದ ಅಣ್ಣನೂ ಒಳಗೆ ಬರಲಿಲ್ಲ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಒಳಗೆ ಇಣುಕಿ ನೋಡಿದರು. ನಮ್ಮ ಮನೆಯವರು ಯಾರೂ ತಿರುಗಲಿಲ್ಲ. ಅಜ್ಜಿಯ ಆ ಕಟ್ಟಪ್ಪಣೆ ಯಾಕೆ ಹುಟ್ಟಿತು ಎಂಬುದು ಆಗ ತಿಳಿಯಿತು.

ಹೇಳಿಬಿಡಬೇಕೆಂದು ಅವಳ ಮುಂದೆ ಹೋಗಿ ಕೂತೆ. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು.

“ಯಾವಾಗ ಬಂದೀಯೋ ಯಪ್ಪಾ? ಎಷ್ಟ ಸಪ್ಪಳಿಲ್ಲದs ಬಂದಿ ನೋಡ. ಮಗ್ಗ ನಿಂತಾಗ ಸೂಜಿ ಬಿದ್ದರೂ ನನಗ ಕೇಳತೈತಿ, ನೀ ಬಂದದ್ದು ಕೇಳಲಿಲ್ಲ” ಎಂದಳು.

ಹೇಳಿದರೆ ಹೆದರುತ್ತಾಳೆ ಎಂದು, ಹೇಳಬೇಕೆಂದದ್ದನ್ನು ಅಲ್ಲೇ ಬಿಟ್ಟೆ. ಈಗಷ್ಟೇ ಬಂದೆ ಎಂದೆ. ಅವಳ ಕಣ್ಣು ನನ್ನ ತುಟಿಯ ಮೇಲೆ ಇತ್ತು. ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಸ್ವಲ್ಪ ಸರಿದು ಕೂತು, ಅಷ್ಟನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿದೆ. ಸಂಜೆ ಕೀಪರನಿಗೆ ವಿಡಿಯೊ ಕರೆ ಮಾಡಿದೆ. ಅವನ ಮುಖ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವನು ಅಂಗೈಯಿಂದ ಎದೆ ಬಡಿದುಕೊಂಡ.